ಡಾಕ್ಟರಮ್ಮನ ಅಂಕಣ: ತೋಟಕ್ಕೊಂದು ಲಾಮಾ ತರಬಹುದೇ?

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನಮ್ಮದು ಕಾಫಿ ತೋಟ, ಜೊತೆಗೆ ಹೋಂಸ್ಟೇ ಇದೆ. ಬರುವ ಮಕ್ಕಳಿಗೆ ಖುಷಿಯಾಗಲಿ ಅಂತ ಒಂದು ಲಾಮಾ ಮರಿ ಸಾಕುವ ಆಸೆ. ತಂದುಕೊಡುತ್ತೇನೆ ಎಂದು ಒಬ್ಬರು ಹೇಳಿದ್ದಾರೆ. ತೋಟದಲ್ಲೇ ಮೇಯಲು ಬಿಡಬಹುದೇ? ಮೈಮೇಲೆ ಉಗುಳುತ್ತದಂತೆ, ನಿಜವೇ?
– ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ಒಂದೇ ಒಂದು ತರುವುದಾದರೆ ದಯವಿಟ್ಟು ಬೇಡ. ಲಾಮಾ ಒಂಟೆಯ ಬಳಗದ, ಹಿಂಡಿನಲ್ಲಿ ಬದುಕುವ ಪ್ರಾಣಿ. ಒಂಟಿಯಾಗಿಟ್ಟರೆ ಕೊರಗುತ್ತದೆ. ಅದರಲ್ಲೂ ಗಂಡು ಮರಿಯನ್ನು ತಾಯಿಯಿಂದ ಬಿಡಿಸಿ, ಬಾಟಲಿ ಹಾಲು ಕುಡಿಸಿ, ಮನುಷ್ಯರ ನಡುವೆಯೇ ಬೆಳೆಸಬಾರದು. ಚಿಕ್ಕದಿದ್ದಾಗ ಮುದ್ದಾಗಿ ಹಿಂದೆ ಹಿಂದೆ ಬರುತ್ತದೆ. ಬೆಳೆದ ಮೇಲೆ ಮನುಷ್ಯರನ್ನೇ ತನ್ನ ಎದುರಾಳಿ ಗಂಡು ಅಂದುಕೊಂಡು ಎದೆಯಿಂದ ಗುದ್ದುತ್ತದೆ, ಕಚ್ಚುತ್ತದೆ. ದೊಡ್ಡ ಲಾಮಾ 150 ಕಿಲೋ ಮೇಲೇ ತೂಗುತ್ತದೆ. ಮಕ್ಕಳು ಓಡಾಡುವ ಕಡೆ ಇದು ಬೇಕಾ?

ಉಗುಳುವುದು ನಿಜ. ಆದರೆ ಜಾಸ್ತಿ ಉಗುಳುವುದು ತಮ್ಮ ತಮ್ಮಲ್ಲೇ. ಮಗಳ ಮನೆಗೆಂದು ಅಮೆರಿಕದ ಒರೆಗಾನ್‌ಗೆ ಹೋಗಿದ್ದಾಗ ಪಕ್ಕದ ಫಾರಂನಲ್ಲಿ ನೋಡಿದ್ದೆ. ಎರಡು ಹೆಣ್ಣು ಲಾಮಾ ಒಂದೇ ಗೋದಲಿಯಲ್ಲಿ ಒಣಹುಲ್ಲು ತಿನ್ನುತ್ತಿದ್ದವು. ಒಂದು ಕಿವಿ ಹಿಂದಕ್ಕೆ ಮಡಚಿ ಗದ್ದ ಮೇಲೆತ್ತಿತು. ಅದು ಎಚ್ಚರಿಕೆ. ಇನ್ನೊಂದು ಸರಿಯಲಿಲ್ಲ. ಹೊಟ್ಟೆಯಿಂದ ಹಸಿರು ರಸ ಬಂತು ನೋಡಿ, ನೇರ ಮುಖಕ್ಕೆ! ಆ ಹುಳಿ ನಾತ ಉಗುಳಿದ ಲಾಮಾಕ್ಕೂ ಸಹಿಸಲಾಗುವುದಿಲ್ಲ. ಅದೂ ಕೆಳತುಟಿ ಜೋತುಬಿಟ್ಟುಕೊಂಡು ಮೇವು ಬಿಟ್ಟು ಸುಮ್ನೆ ನಿಂತಿತ್ತು. ನೆಮ್ಮದಿಯಾಗಿ ಬೆಳೆದ ಲಾಮಾ ಮನುಷ್ಯರ ಮೇಲೆ ಉಗುಳುವುದು ಅಪರೂಪ.

ಈಗ ನಿಮ್ಮ ತೋಟದ ವಿಷಯ. ನನಗೆ ದೊಡ್ಡ ಭಯ ಇರುವುದು ಇಲ್ಲೇ. ಕಾಫಿಗೆ, ಅಡಿಕೆಗೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತೀರಿ ಅಲ್ವಾ? ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಅದು ಕೆಳಗಿನ ಹುಲ್ಲಿನ ಮೇಲೂ ಬೀಳುತ್ತದೆ. ಕುರಿಗೆ ತಾಮ್ರ ಜಾಸ್ತಿಯಾದರೆ ವಿಷ, ಲಾಮಾಕ್ಕೂ ಹಾಗೆಯೇ. ತಿಂದದ್ದು ಈಲಿಯಲ್ಲಿ, ಅಂದರೆ ಲಿವರ್‌ನಲ್ಲಿ ಸೇರುತ್ತಾ ಹೋಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ನೆಲ ಹಿಡಿಯುತ್ತದೆ. ಔಷಧಿ ಹೊಡೆದ ತೋಟದಲ್ಲಿ ಕುರಿಯನ್ನೂ ಮೇಯಿಸಬೇಡಿ. ದನಕ್ಕೆ ಕೊಡುವ ಖನಿಜ ಪುಡಿಯನ್ನೂ ಇವಕ್ಕೆ ಹಾಕಬೇಡಿ.

ಇನ್ನು ಹವೆ. ಲಾಮಾಗಳ ಊರು ಪೆರು, ಬೊಲಿವಿಯಾ ಕಡೆಯ ಆಂಡಿಸ್ ಬೆಟ್ಟಗಳು. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅಲ್ಲಿ ಅದರ ಹೆಚ್ಚುಕಡಿಮೆ ಎರಡರಷ್ಟು ಎತ್ತರದ ಬಯಲುಗಳಲ್ಲಿ ಇವು ಮೇಯುತ್ತವೆ. ಒಣ ಚಳಿ ಎಷ್ಟಿದ್ದರೂ ತಡೆಯುತ್ತವೆ. ಸೆಕೆ ಮತ್ತು ತೇವ ಒಟ್ಟಿಗೆ ಬಂದರೆ ತಡೆಯುವುದಿಲ್ಲ. ಬೇಸಿಗೆಗೆ ಮೊದಲು ತುಪ್ಪಟ ಕತ್ತರಿಸಲೇಬೇಕು. ಬಿಸಿಲಿಗೆ ಬಳಲಿದರೆ ನೀರನ್ನು ಹೊಟ್ಟೆಯ ಕೆಳಗೆ, ಕಾಲಸಂದಿಗೆ ಹಾಕಬೇಕು. ಬೆನ್ನ ಮೇಲೆ ಸುರಿದರೆ ಒದ್ದೆ ತುಪ್ಪಟ ಮೈಯ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಮೂಡಿಗೆರೆಯ ಮಳೆಗಾಲ ನಿಮಗೆ ಗೊತ್ತೇ ಇದೆ. ತಿಂಗಳುಗಟ್ಟಲೆ ಕೆಸರು, ಇಂಬಳ, ಉಣುಗು. ಒಣ ನೆಲದ ದೊಡ್ಡ ಕೊಟ್ಟಿಗೆ ಇಲ್ಲದೆ ಆಗದು.

ವಿದೇಶದಿಂದ ಜೀವಂತ ಪ್ರಾಣಿ ತರಿಸಲು ಕೇಂದ್ರ ಸರ್ಕಾರದ ಅನುಮತಿ ಬೇಕು, ಬಂದ ಮೇಲೆ ಕ್ವಾರಂಟೈನ್ ಇರುತ್ತದೆ. ನಿಮಗೆ ತಂದುಕೊಡುತ್ತೇನೆ ಎಂದವರ ಹತ್ತಿರ ಆ ಕಾಗದ ಕೇಳಿ. ಇಲ್ಲದಿದ್ದರೆ ಒಪ್ಪಬೇಡಿ. ಮಕ್ಕಳ ಖುಷಿಗೆ ಎರಡು ಮಲೆನಾಡು ಗಿಡ್ಡ ಸಾಕಿ. ನಿಮ್ಮ ಮಳೆಗೆ ಹುಟ್ಟಿದ ದನ ಅದು.

ಪ್ರಶ್ನೆ: ಲಾಮಾ ಒಂಟೆಯ ಸಂಬಂಧಿಯಂತೆ. ಡುಬ್ಬ ಯಾಕಿಲ್ಲ ಮೇಡಂ?
– ಎಂಟನೇ ತರಗತಿ ವಿದ್ಯಾರ್ಥಿನಿ, ಹಾಸನ

ಉತ್ತರ: ಒಳ್ಳೆ ಪ್ರಶ್ನೆ ಪುಟ್ಟಿ. ಎರಡರ ಪೂರ್ವಜರೂ ಉತ್ತರ ಅಮೆರಿಕದವರು. ಒಂದು ಕವಲು ಏಷ್ಯಾಕ್ಕೆ ಬಂದು ಒಂಟೆಯಾಯಿತು, ಇನ್ನೊಂದು ದಕ್ಷಿಣಕ್ಕೆ ಹೋಗಿ ಲಾಮಾದ ಬಳಗವಾಯಿತು. ಡುಬ್ಬ ಅಂದರೆ ಕೊಬ್ಬಿನ ಉಗ್ರಾಣ. ಅದು ಒಂಟೆಯ ಕವಲಿನಲ್ಲಿ ಮಾತ್ರ ಬೆಳೆಯಿತು. ಆದರೆ ಪಾದ ನೋಡು: ಎರಡಕ್ಕೂ ಎರಡೇ ಬೆರಳು, ಅಡಿಯಲ್ಲಿ ಮೆತ್ತೆ. ದನದಂಥ ಗೊರಸಿಲ್ಲ.

ಪ್ರಶ್ನೆ: ಹೊರದೇಶದಲ್ಲಿ ಕುರಿ ಕಾಯಲು ಲಾಮಾ ಇಡುತ್ತಾರಂತೆ. ನಮ್ಮಲ್ಲಿ ನಾಯಿ, ಚಿರತೆ ಕಾಟ. ಇಲ್ಲಿ ನಡೆಯುತ್ತಾ?
– ಕುರಿ ಸಾಕುವವರು, ಕಡೂರು ತಾಲ್ಲೂಕು

ಉತ್ತರ: ಇಡುವುದು ಹೌದು ಅಣ್ಣ. ಬೀಜ ಒಡೆಸಿದ ಒಂದು ಗಂಡನ್ನು ಹಿಂಡಿಗೆ ಬಿಡುತ್ತಾರೆ. ಕುರಿಗಳನ್ನೇ ತನ್ನ ಹಿಂಡು ಅಂದುಕೊಳ್ಳುತ್ತದೆ. ನರಿಯಂಥ ಕಾಯೋಟಿಯೋ ಒಂಟಿ ನಾಯಿಯೋ ಬಂದರೆ ಕೂಗಿ, ಅಟ್ಟಿಸಿ, ಒದೆಯುತ್ತದೆ. ಆದರೆ ನಮ್ಮ ಬೀದಿನಾಯಿಗಳು ಗುಂಪಾಗಿ ಬರುತ್ತವೆ. ಚಿರತೆಗಂತೂ ಲಾಮಾನೇ ಊಟ. ಮತ್ತೆ ಕುರಿಯ ಜಠರದ ಜಂತುಹುಳು ಲಾಮಾಕ್ಕೂ ಹತ್ತುತ್ತದೆ. ದಪ್ಪ ತುಪ್ಪಟದೊಳಗೆ ಅದು ಬಡಕಲಾಗಿದ್ದು ಕಣ್ಣಿಗೆ ಬೀಳುವುದೇ ಇಲ್ಲ. ಬೆನ್ನೆಲುಬಿನ ಮೇಲೆ ಕೈಯಾಡಿಸಿ ನೋಡಬೇಕು, ಕಣ್ಣಿನ ಒಳರೆಪ್ಪೆ ಬಿಳಿಚಿದೆಯಾ ಅಂತ ಬಿಡಿಸಿ ನೋಡಬೇಕು. ಈ ಎರಡನ್ನೂ ನಿಮ್ಮ ಕುರಿಗಳಿಗೆ ಈಗಲೇ ಶುರುಮಾಡಿ. ಲಾಮಾ ತರುವ ಖರ್ಚಿನಲ್ಲಿ ರಾತ್ರಿ ಹಟ್ಟಿಯ ಸುತ್ತ ಮಾತ್ರವಲ್ಲ, ಮೇಲೂ ತಂತಿ ಬಲೆ ಹಾಕಿಸಿ. ಚಿರತೆ ಬೇಲಿ ಹಾರಿಯೇ ಒಳಗೆ ಬರುವುದು. ಕುರಿ ಸತ್ತರೆ ಹೆಣ ಕದಲಿಸದೆ ಅರಣ್ಯ ಇಲಾಖೆಗೆ ತಿಳಿಸಿ, ಪರಿಹಾರಕ್ಕೆ ಅರ್ಜಿ ಹಾಕಿ.