ಓದುಗರ ಪ್ರಶ್ನೆ, ನಮ್ಮ ಉತ್ತರ: ಅವಸರ ಇಲ್ಲದೆ ಚೆಕ್ ದೇಶ ಸುತ್ತಬೇಕು

ಪ್ರಶ್ನೆ: ನಾನು ಬಳ್ಳಾರಿಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಸೆಪ್ಟೆಂಬರ್‌ನಲ್ಲಿ ನಾನೂ ನನ್ನ ಮನೆಯವರೂ ಎರಡು ವಾರ ಚೆಕ್ ದೇಶ ನೋಡಿ ಬರೋಣ ಅಂತ ಮಾಡಿದ್ದೇವೆ. ಮಗ ಬೆಂಗಳೂರಿನಿಂದ ಪಟ್ಟಿ ಕಳಿಸಿದ್ದಾನೆ: ಪ್ರಾಗ್, ಕಾರ್ಲೊವಿ ವಾರಿ, ಪ್ಲ್ಜೆನ್, ಕ್ರುಮ್ಲೊವ್, ಬ್ರನೊ, ಓಲೊಮೌಟ್ಸ್, ನಡುವೆ ವಿಯೆನ್ನಾ ಬೇರೆ. ಓದಿಯೇ ಸುಸ್ತಾಯಿತು. ಮನೆಯವರಿಗೆ ಮೊಣಕಾಲು ನೋವು. ಬಾಡಿಗೆ ಕಾರು ಬೇಡ. ಬಸ್ಸು, ರೈಲಿನಲ್ಲೇ ನಿಧಾನಕ್ಕೆ ಓಡಾಡಲು ಆಗುತ್ತದಾ?

ಉತ್ತರ: ಆರಾಮಾಗಿ ಆಗುತ್ತದೆ ಮೇಷ್ಟ್ರೇ. ಕರ್ನಾಟಕದ ಅರ್ಧಕ್ಕಿಂತ ಚಿಕ್ಕ ದೇಶ ಅದು, ಆದರೆ ರೈಲು ಹಳಿ 9,000 ಕಿ.ಮೀ.ಗೂ ಜಾಸ್ತಿ ಇದೆ. ಸಣ್ಣಪುಟ್ಟ ಊರಿಗೂ ರೈಲು ಹೋಗುತ್ತದೆ. ರೈಲು ಇಲ್ಲದ ಕಡೆ ಬಸ್ಸು.

ಮಗನ ಪಟ್ಟಿಯಲ್ಲಿ ಮೊದಲು ವಿಯೆನ್ನಾ ಹೊಡೆದುಹಾಕಿ. ಕಾರ್ಲೊವಿ ವಾರಿ, ಪ್ಲ್ಜೆನ್ ಕೂಡ ಈ ಸಲ ಬಿಡಿ. ಮೂರೇ ಊರಲ್ಲಿ ರೂಮ್ ಮಾಡಿ: ಪ್ರಾಗ್, ಓಲೊಮೌಟ್ಸ್, ಚೆಸ್ಕೆ ಬುದೆಯೊವಿತ್ಸೆ. ಉಳಿದದ್ದೆಲ್ಲ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವ ಹಾಗೆ ಇರಲಿ. ದಿನಾ ಸೂಟ್‌ಕೇಸ್ ಕಟ್ಟಿ, ಕಲ್ಲು ಹಾಸಿದ ಬೀದಿಯಲ್ಲಿ ಎಳೆದುಕೊಂಡು ಹೋಗಿ, ಮತ್ತೆ ಇನ್ನೊಂದು ಕಡೆ ಬಿಚ್ಚುವುದಿದೆಯಲ್ಲ, ಮೊಣಕಾಲಿಗೂ ಮನಸ್ಸಿಗೂ ಅದೇ ದೊಡ್ಡ ಪೆಟ್ಟು.

ಪ್ರಾಗ್‌ಗೆ ಐದಾರು ರಾತ್ರಿ ಕೊಡಿ. ವಿಮಾನ ನಿಲ್ದಾಣದಿಂದ 59 ನಂಬರಿನ ಟ್ರಾಲಿಬಸ್ ಹತ್ತಿದರೆ ವೆಲೆಸ್ಲಾವೀನ್ ಮೆಟ್ರೊ ಸ್ಟೇಷನ್‌ಗೆ ಬಿಡುತ್ತದೆ, ಅಲ್ಲಿಂದ ಎ ಲೈನ್ ಮೆಟ್ರೊ ಊರೊಳಗೆ ಹೋಗುತ್ತದೆ. ಮೆಟ್ರೊ, ಟ್ರಾಮ್, ಸಿಟಿ ಬಸ್ಸು ಮೂರಕ್ಕೂ ಒಂದೇ ಟಿಕೆಟ್. 30 ನಿಮಿಷದ್ದು, 90 ನಿಮಿಷದ್ದು, 24 ಗಂಟೆಯದು, 72 ಗಂಟೆಯದು ಹೀಗೆ ಸಿಗುತ್ತವೆ. ನೀವು 72 ಗಂಟೆಯದು ತೆಗೆದುಕೊಂಡು ನಿಶ್ಚಿಂತೆಯಾಗಿರಿ. ಕಾಗದದ ಟಿಕೆಟ್ ಆದರೆ ಮೊದಲ ಸಲ ಹತ್ತುವಾಗ ಹಳದಿ ಪೆಟ್ಟಿಗೆಗೆ ತೂರಿಸಿ ಮುದ್ರೆ ಹೊಡೆಸಿಕೊಳ್ಳಬೇಕು. ಮುದ್ರೆ ಇಲ್ಲದಿದ್ದರೆ ಟಿಕೆಟ್ ಕೈಯಲ್ಲಿದ್ದರೂ ಇಲ್ಲದ ಲೆಕ್ಕ. ಚೆಕಿಂಗ್‌ನವರು ಮಾಮೂಲಿ ಬಟ್ಟೆಯಲ್ಲೇ ಇರುತ್ತಾರೆ, ಬ್ಯಾಡ್ಜ್ ತೋರಿಸುತ್ತಾರೆ, ದಂಡ ಜೋರಾಗಿಯೇ ಬೀಳುತ್ತದೆ.

ಕೆಲವು ಮೆಟ್ರೊ ಸ್ಟೇಷನ್‌ಗಳು ತುಂಬಾ ಆಳ. ನಾಮೆಸ್ತಿ ಮೀರು ಸ್ಟೇಷನ್ನಿನ ಎಸ್ಕಲೇಟರ್ 87 ಮೀಟರ್ ಉದ್ದ! ಎಸ್ಕಲೇಟರ್ ಓಡುವುದೂ ಜೋರು, ಕಾಲಿಡುವಾಗ ಹುಷಾರು. ನನ್ನನ್ನು ಕೇಳಿದರೆ ಟ್ರಾಮೇ ಚೆಂದ. 22 ನಂಬರ್ ಟ್ರಾಮ್ ಹತ್ತಿ ಕಿಟಕಿ ಪಕ್ಕ ಕೂತರೆ ಅರ್ಧ ಊರು ನೋಡಿದಂತಾಗುತ್ತದೆ, ಮೇಲೆ ಕೋಟೆಯ ಹತ್ತಿರವೇ ಇಳಿಸುತ್ತದೆ, ಬೆಟ್ಟ ಹತ್ತುವ ಕಷ್ಟ ತಪ್ಪುತ್ತದೆ. ಚಾರ್ಲ್ಸ್ ಸೇತುವೆಗೆ ಬೆಳಿಗ್ಗೆ ಏಳರೊಳಗೆ ಹೋಗಿ, ಆಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಅದಕ್ಕೆ ಅಡಿಪಾಯ ಬಿದ್ದದ್ದು 1357ರಲ್ಲಿ. ಇತ್ತ ಹಂಪಿಯಲ್ಲಿ ಬುಕ್ಕರಾಯ ಆಳುತ್ತಿದ್ದ ಕಾಲ. ಬಳ್ಳಾರಿ ಕಡೆಯವರಿಗೆ ಈ ಲೆಕ್ಕ ಹಾಕದೆ ಇರಲು ಆಗುವುದಿಲ್ಲ, ಅಲ್ವಾ?

ಪ್ರಾಗ್‌ನಿಂದ ಒಂದು ದಿನ ಕುತ್ನಾ ಹೋರಾಕ್ಕೆ ಹೋಗಿಬನ್ನಿ. ರೈಲಿನಲ್ಲಿ ಸುಮಾರು ಒಂದು ಗಂಟೆ. ಗಣಿ ನಾಡಿನಿಂದ ಹೋಗುವ ನಿಮಗೆ ಈ ಊರು ಬೇರೆಯದೇ ರೀತಿಯಲ್ಲಿ ಕಾಣಬಹುದು. ಊರು ಬೆಳೆದದ್ದೇ ಬೆಳ್ಳಿ ಗಣಿಯಿಂದ. 1300ರಿಂದ ಇಲ್ಲಿನ ಟಂಕಸಾಲೆಯಲ್ಲಿ ಪ್ರಾಗ್ ಗ್ರೋಶೆನ್ ಅನ್ನುವ ಬೆಳ್ಳಿ ನಾಣ್ಯ ಟಂಕಿಸುತ್ತಿದ್ದರು. ಗಣಿಯ ದುಡ್ಡಿನಲ್ಲಿ 1388ರಲ್ಲಿ ಸಂತ ಬಾರ್ಬರಾ ಚರ್ಚ್ ಕಟ್ಟಲು ಶುರು ಮಾಡಿದರು. ಬಾರ್ಬರಾ ಅಂದರೆ ಗಣಿ ಕೆಲಸದವರನ್ನು ಕಾಯುವ ಸಂತ ಮಹಿಳೆ. ಬೆಳ್ಳಿ ಮುಗಿಯಿತು, ದುಡ್ಡು ನಿಂತಿತು, ಚರ್ಚ್ ಪೂರ್ತಿಯಾದದ್ದು 1905ಕ್ಕೆ. ಸೊಂಡೂರಿನ ಗುಡ್ಡ ನೋಡಿ ಬೆಳೆದವರು ಇದನ್ನು ಕೇಳಿ ಸುಮ್ನೆ ಇರುತ್ತಾರಾ? ಹಳೇ ಗಣಿಯೊಳಗೆ ಹೆಲ್ಮೆಟ್, ಬಿಳಿ ನಿಲುವಂಗಿ ಹಾಕಿಸಿ ಕರೆದುಕೊಂಡು ಹೋಗುತ್ತಾರೆ. ಮೆಟ್ಟಿಲು ಜಾಸ್ತಿ, ದಾರಿ ಇಕ್ಕಟ್ಟು. ನೀವು ಹೋಗಿ, ಮನೆಯವರು ಮೇಲೆ ಕಾಫಿ ಕುಡಿಯುತ್ತಾ ಕೂತಿರಲಿ. ಒಂದು ವಿಷಯ: ದೊಡ್ಡ ಸ್ಟೇಷನ್ನಿನಿಂದ ಹಳೇ ಊರು ದೂರ ಇದೆ. ಅಲ್ಲೇ ಇಳಿದು ಕುತ್ನಾ ಹೋರಾ ಮ್ಯೆಸ್ತೊ ಅನ್ನುವ ಊರೊಳಗಿನ ಸ್ಟೇಷನ್‌ಗೆ ಹೋಗುವ ಪುಟ್ಟ ರೈಲು ಹತ್ತಿ.

ಆಮೇಲೆ ಓಲೊಮೌಟ್ಸ್, ಮೂರ್ನಾಲ್ಕು ರಾತ್ರಿ. ಪ್ರಾಗ್‌ನಿಂದ ಎರಡು ಗಂಟೆ ಚಿಲ್ಲರೆ. ಸ್ಟೇಷನ್ ಎದುರಿಗೇ ಟ್ರಾಮ್ ಸಿಗುತ್ತದೆ. ಚೌಕದಲ್ಲಿ 35 ಮೀಟರ್ ಎತ್ತರದ ಹೋಲಿ ಟ್ರಿನಿಟಿ ಕಂಬ ಇದೆ, 2000ದಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ನನಗೆ ಅದಕ್ಕಿಂತ ಇಷ್ಟ ಪಕ್ಕದ ಪುರಭವನದ ಗಡಿಯಾರ. ಹಳೆಯದು ಎರಡನೇ ಮಹಾಯುದ್ಧದಲ್ಲಿ ಹಾಳಾಯಿತು. ಕಮ್ಯುನಿಸ್ಟ್ ಕಾಲದಲ್ಲಿ ಹೊಸದಾಗಿ ಮಾಡುವಾಗ ಸಂತರ ಬದಲು ಕೂಲಿಕಾರರ ಗೊಂಬೆ ಇಟ್ಟರು. ಮಧ್ಯಾಹ್ನ 12ಕ್ಕೆ ಅವು ಸುತ್ತುವುದನ್ನು ನೋಡಿ. ಜನ ಕಮ್ಮಿ, ರೂಮು ಅಗ್ಗ, ಬೆಂಚ್ ಮೇಲೆ ಎಷ್ಟು ಹೊತ್ತು ಕೂತರೂ ಯಾರೂ ಏಳಿಸುವುದಿಲ್ಲ. ನಿಮ್ಮ ಪ್ರವಾಸಕ್ಕೆ ಹೇಳಿ ಮಾಡಿಸಿದ ಊರು.

ಅಲ್ಲಿಂದ ಬ್ರನೊಗೆ ಬಂದು ರೈಲು ಬದಲಿಸಿ ಚೆಸ್ಕೆ ಬುದೆಯೊವಿತ್ಸೆಗೆ ಹೋಗಿ. ಬ್ರನೊದಿಂದ ನಾಲ್ಕು ಗಂಟೆಗೂ ಜಾಸ್ತಿ ಹಿಡಿಯುತ್ತದೆ, ಪ್ರಾಗ್ ಮೇಲೆ ಹೋದರೆ ಬೇಗ ಅಂತ ಮಗ ಹೇಳಬಹುದು. ಕೇಳಬೇಡಿ. ದಾರಿಯುದ್ದಕ್ಕೂ ದಿಣ್ಣೆ, ಕಾಡು, ಹೊಲ, ಚಿಕ್ಕ ಸ್ಟೇಷನ್ನು; ಬುತ್ತಿ ಬಿಚ್ಚಿ ಉಣ್ಣುತ್ತಾ ಕೂರುವ ರೈಲು ಇದು. ಬುದೆಯೊವಿತ್ಸೆ ಸಪಾಟಾದ ಊರು, ಮೊಣಕಾಲಿಗೆ ಒಳ್ಳೆಯದು. ಅಲ್ಲಿ ಉಳಿದು ಚೆಸ್ಕಿ ಕ್ರುಮ್ಲೊವ್ ನೋಡಿ. ಈ ಒಂದು ಕಡೆ ಮಾತ್ರ ರೈಲು ಬೇಡ, ಬಸ್ಸಿನಲ್ಲಿ ಹೋಗಿ. ರೈಲು ಸ್ಟೇಷನ್ ಗುಡ್ಡದ ಮೇಲಿದೆ. ಹೋಗುವಾಗ ಇಳಿಜಾರು ಅಂತ ಖುಷಿಯಾಗುತ್ತದೆ, ವಾಪಸ್ ಬರುವಾಗ ಗೊತ್ತಾಗುತ್ತದೆ. ಬಸ್ಸು ಆದರೆ ಶ್ಪಿಚಾಕ್ ಅನ್ನುವ ಸ್ಟಾಪಿನಲ್ಲಿ ಇಳಿದರೆ ಹಳೇ ಊರು ಪಕ್ಕದಲ್ಲೇ.

ರೈಲಿನ ಮಾತು ಇನ್ನೊಂದಿಷ್ಟು. ಚೆಸ್ಕೆ ದ್ರಾಹಿ ಅಂದರೆ ಸರ್ಕಾರಿ ರೈಲು. ರೆಜಿಯೊಜೆಟ್, ಲಿಯೊ ಎಕ್ಸ್‌ಪ್ರೆಸ್ ಖಾಸಗಿಯವು. ಒಬ್ಬರ ಟಿಕೆಟ್ ಇನ್ನೊಬ್ಬರ ರೈಲಿನಲ್ಲಿ ನಡೆಯುತ್ತದೆ ಅಂದುಕೊಳ್ಳಬೇಡಿ. ಸರ್ಕಾರಿ ರೈಲುಗಳಲ್ಲಿ ಬಹುತೇಕ ಸೀಟು ರಿಸರ್ವ್ ಮಾಡಲೇಬೇಕು ಅಂತಿಲ್ಲ, ಪೆಂಡೊಲಿನೊ ಅನ್ನುವ ವೇಗದ ರೈಲಿಗೆ ಮಾತ್ರ ಬೇಕು. ರೆಜಿಯೊಜೆಟ್‌ನಲ್ಲಿ ಸೀಟು ಸಮೇತವೇ ಟಿಕೆಟ್. ವೇಳಾಪಟ್ಟಿಗೆ ಇಡೋಸ್ ಅನ್ನುವ ಆ್ಯಪ್ ಹಾಕಿಕೊಳ್ಳಿ, ಬಸ್ಸು, ರೈಲು, ಟ್ರಾಮ್ ಎಲ್ಲ ಒಂದೇ ಕಡೆ ಸಿಗುತ್ತದೆ. ಪ್ರಾಗ್ ದೊಡ್ಡ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮ್ ನಂಬರ್ ಬೋರ್ಡಿಗೆ ಬರುವುದು ಹೊರಡುವ ಕೆಲವೇ ನಿಮಿಷ ಮುಂಚೆ. ಎಲ್ಲರೂ ಕತ್ತೆತ್ತಿ ನಿಂತಿರುತ್ತಾರೆ, ನಂಬರ್ ಬಂದ ಕೂಡಲೇ ಒಟ್ಟಿಗೇ ನುಗ್ಗುತ್ತಾರೆ. ಗಾಬರಿ ಬೇಡ, ನಮ್ಮ ಗುಂತಕಲ್ ಜಂಕ್ಷನ್ ನೋಡಿದವರಿಗೆ ಅದೇನು ಮಹಾ! ಬೋಗಿಯ ಬಾಗಿಲು ತಾನಾಗಿ ತೆರೆಯದಿದ್ದರೆ ಗುಂಡಿ ಒತ್ತಬೇಕು. ಸಣ್ಣ ಲೈನಿನಲ್ಲಿ ಕೆಲವು ಸ್ಟೇಷನ್‌ಗಳಿಗೆ ನೀವು ಒಳಗಿನ ಗುಂಡಿ ಒತ್ತಿದರೆ ಮಾತ್ರ ರೈಲು ನಿಲ್ಲುತ್ತದೆ, ಇಲ್ಲದಿದ್ದರೆ ಮುಂದೆ ಹೋಗಿಬಿಡುತ್ತದೆ.

ಕೋಟೆ, ಅರಮನೆಗಳು ಬಹುತೇಕ ಸೋಮವಾರ ಬಾಗಿಲು ಹಾಕಿರುತ್ತವೆ. ಊರು ಬದಲಿಸುವ ಪ್ರಯಾಣವನ್ನು ಸೋಮವಾರಕ್ಕೇ ಇಟ್ಟುಕೊಳ್ಳಿ. ಸೆಪ್ಟೆಂಬರ್ 28 ಅಲ್ಲಿ ಸರ್ಕಾರಿ ರಜೆ, ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. ಹಿಂದಿನ ದಿನವೇ ಹಾಲು, ಹಣ್ಣು, ಬ್ರೆಡ್ ತಂದಿಟ್ಟುಕೊಳ್ಳಿ.

ಪ್ರಶ್ನೆ: ರಾಯಚೂರಿನಿಂದ ಹೊರಡುವವರು ನಾವು. ವಿಮಾನ ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ? ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿದರೆ ಜರ್ಮನಿ ವೀಸಾ ಮಾಡಿಸಬೇಕಾ?

ಉತ್ತರ: ನಿಮಗೆ ಹೈದರಾಬಾದೇ ಹತ್ತಿರ ಸರ್. ಎರಡೂ ಕಡೆಯಿಂದ ಎಲ್ಲಾದರೂ ವಿಮಾನ ಬದಲಿಸಬೇಕು. ವೀಸಾ ಷೆಂಗೆನ್‌ನದು, ಅಂದರೆ ಜರ್ಮನಿ, ಚೆಕ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ನಡೆಯುವಂಥದ್ದು, ಒಂದೇ ಸಾಕು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಅದಕ್ಕೆ ಅರ್ಜಿ ಹಾಕಬೇಕು, ಅಂದರೆ ಚೆಕ್‌ಗೆ. ಪ್ರಯಾಣಕ್ಕೆ 6 ತಿಂಗಳ ಮುಂಚೆಯಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಕೊನೇ ಗಡುವು 15 ದಿನ ಮುಂಚೆ, ಅಲ್ಲಿವರೆಗೆ ಕಾಯಬೇಡಿ. ದೊಡ್ಡವರಿಗೆ ಫೀಸು 90 ಯೂರೊ. ಕನಿಷ್ಠ 30,000 ಯೂರೊ ವೈದ್ಯಕೀಯ ಖರ್ಚು ಭರಿಸುವ ಇನ್ಶೂರೆನ್ಸ್ ಬೇಕು. ಫ್ರಾಂಕ್‌ಫರ್ಟ್‌ನಲ್ಲಿಯೇ ಇಮಿಗ್ರೇಷನ್ ಮುಗಿಯುತ್ತದೆ, ಅಲ್ಲಿ ಮೂರು ಗಂಟೆಯಾದರೂ ಬಿಡುವು ಇಟ್ಟುಕೊಳ್ಳಿ.

ಪ್ರಶ್ನೆ: ಗಂಗಾವತಿಯಿಂದ ಬರೆಯುತ್ತಿದ್ದೇನೆ. ನಾವು ಮಾಂಸ, ಮೊಟ್ಟೆ ಮುಟ್ಟುವುದಿಲ್ಲ. ಊಟ ಏನು ಮಾಡುವುದು? ಮನೆಯಿಂದ ಒಯ್ಯಬಹುದಾ?

ಉತ್ತರ: ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ ಚೂಡಾ ಧಾರಾಳವಾಗಿ ಒಯ್ಯಿರಿ ಅಕ್ಕಾ. ತುಪ್ಪ, ಪೇಢಾ, ಕುಂದಾ ಬೇಡ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಮಾವಿನಹಣ್ಣು, ಹಸಿ ಕರಿಬೇವಿಗೂ ಸರ್ಟಿಫಿಕೇಟ್ ಕೇಳುತ್ತಾರೆ. ಅಲ್ಲಿ ಹೋಟೆಲಿನ ಸೂಪನ್ನು ನಂಬಬೇಡಿ, ತರಕಾರಿ ಸೂಪು ಅಂದರೂ ಮೂಳೆ ಬೇಯಿಸಿದ ನೀರಲ್ಲಿ ಮಾಡಿರಬಹುದು. ಕರಿದ ಚೀಸ್ ಎಲ್ಲ ಕಡೆ ಸಿಗುತ್ತದೆ, ಆದರೆ ಅದರ ಮೇಲಿನ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ. ಹಣ್ಣು ತುಂಬಿದ ಕಡುಬಿನಂಥ ಕ್ನೆಡ್ಲೀಕಿಯಲ್ಲೂ ಮೊಟ್ಟೆ ಇರಬಹುದು, ಕೇಳಿಯೇ ತಿನ್ನಿ. ಅಡುಗೆ ಮಾಡಿಕೊಳ್ಳಲು ಜಾಗ ಇರುವ ರೂಮು ಹಿಡಿದರೆ ಅನ್ನ ಸಾರಿಗೆ ತೊಂದರೆ ಇಲ್ಲ. ನಲ್ಲಿ ನೀರು ಕುಡಿಯಬಹುದು.

ಪ್ರಶ್ನೆ: ಯೂರೊ ಒಯ್ಯಬೇಕಾ? (ಕೊಪ್ಪಳದ ಓದುಗರು)

ಉತ್ತರ: ಅಲ್ಲಿ ನಡೆಯುವುದು ಕೊರುನಾ. ಕಾರ್ಡು ಬಹುತೇಕ ಕಡೆ ನಡೆಯುತ್ತದೆ. ಎಟಿಎಂ ಯಂತ್ರ "ರೂಪಾಯಿಗೆ ಲೆಕ್ಕ ಹಾಕಲಾ" ಅಂತ ಕೇಳಿದರೆ ಬೇಡ ಅನ್ನಿ, ಅದರ ದರ ದುಬಾರಿ. ಬೀದಿಯಲ್ಲಿ ನಿಂತು ನೋಟು ಬದಲಿಸಿ ಕೊಡುತ್ತೇನೆ ಅನ್ನುವವರ ಹತ್ತಿರ ಹೋಗಲೇಬೇಡಿ. ಲೈಸೆನ್ಸ್ ಇರುವ ಅಂಗಡಿಯಲ್ಲಿ ಬದಲಿಸಿ, ರಸೀದಿ ಇಟ್ಟುಕೊಳ್ಳಿ. 1,000 ಯೂರೊ ಒಳಗಿನ ಮೊತ್ತ ಆದರೆ 3 ಗಂಟೆಯೊಳಗೆ ವಾಪಸ್ ಹೋಗಿ ವ್ಯವಹಾರ ರದ್ದು ಮಾಡಿಸಬಹುದು, 2019ರಿಂದ ಅಲ್ಲಿ ಹಾಗೆ ಕಾನೂನಿದೆ.