ಮೊದಲ ಬೂಟ್‌ನ ಕೋಡಿಗೆ ಕೈ ಹಾಕುವ ಮುನ್ನ

ಪ್ರಶ್ನೆ: ಕ್ಲೌಡ್ ಸರ್ವರ್ ಮೊದಲ ಬಾರಿ ಎದ್ದಾಗ ಅದನ್ನು ಸಿದ್ಧಪಡಿಸುವ ಕ್ಲೌಡ್-ಇನಿಟ್‌ನಂಥ ಒಂದು ಓಪನ್ ಸೋರ್ಸ್ ತಂತ್ರಾಂಶಕ್ಕೆ ಎರಡು ವರ್ಷಗಳಿಂದ ಪ್ಯಾಚ್ ಕಳುಹಿಸುತ್ತಿದ್ದೇನೆ. ಈಗ ನಿರ್ವಹಣಾ ತಂಡಕ್ಕೂ ಸೇರಿಸಿಕೊಂಡಿದ್ದಾರೆ. ಕೋಡೆಲ್ಲ ಪೈಥಾನ್‌ನಲ್ಲಿದೆ. ಅದರಲ್ಲಿ ‘ಯುಟಿಲ್’ ಎಂಬ ಒಂದು ಫೈಲ್ ಸಾವಿರಾರು ಸಾಲಿಗೆ ಬೆಳೆದಿದೆ. ಎಲ್ಲಿಡಬೇಕೆಂದು ತೋಚದಿದ್ದುದೆಲ್ಲ ಅಲ್ಲಿಗೆ ಬಂದು ಬಿದ್ದಿದೆ. ಅದನ್ನು ಒಡೆದು ಚೊಕ್ಕಟ ಮಾಡಬೇಕೆಂಬ ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಆಸೆ ಸರಿಯಾದದ್ದೇ. ಆದರೆ ನೀವು ಕೈ ಹಾಕುತ್ತಿರುವುದು ಎಂಥ ಜಾಗಕ್ಕೆ ಎಂಬುದನ್ನು ಮೊದಲು ನೋಡೋಣ. ಈ ತಂತ್ರಾಂಶ ರೂಟ್ ಅಧಿಕಾರದಲ್ಲಿ, ಅಂದರೆ ಯಂತ್ರದ ಮೇಲೆ ಪೂರ್ಣ ಹಿಡಿತದೊಂದಿಗೆ ಓಡುತ್ತದೆ. ಯಾರೂ ಲಾಗಿನ್ ಆಗುವ ಮೊದಲೇ ಓಡುತ್ತದೆ. ನೆಟ್‌ವರ್ಕ್ ಹೇಗಿರಬೇಕು, ಯಾವ ಬಳಕೆದಾರರಿರಬೇಕು, ದೂರದಿಂದ ಲಾಗಿನ್ ಆಗಲು ಯಾರ ಎಸ್‌ಎಸ್‌ಎಚ್ ಕೀಲಿ ಒಳಗೆ ಹೋಗಬೇಕು ಎಂಬುದನ್ನೆಲ್ಲ ಬರೆಯುವುದು ಅದೇ. ವೆಬ್ ಅಪ್ಲಿಕೇಶನ್ ಕೆಟ್ಟರೆ ಸರ್ವರ್‌ಗೆ ಹೋಗಿ ಲಾಗ್ ನೋಡಬಹುದು. ಇದು ಕೆಟ್ಟರೆ ಒಳಗೆ ಹೋಗುವ ಬಾಗಿಲೇ ಇರುವುದಿಲ್ಲ. ಹಾಗಾಗಿ ಇಲ್ಲಿ ರಿಫ್ಯಾಕ್ಟರಿಂಗ್ (ವರ್ತನೆ ಬದಲಿಸದೆ ಕೋಡಿನ ರಚನೆ ತಿದ್ದುವುದು) ಎಂದರೆ ಕೋಡನ್ನು ಅಂದಗಾಣಿಸುವುದಕ್ಕಿಂತ ಮೊದಲು, ಹೊರಗಿನವರು ಯಾವ ವರ್ತನೆಯನ್ನು ನಂಬಿಕೊಂಡಿದ್ದಾರೆ ಎಂದು ಪತ್ತೆ ಹಚ್ಚುವುದು.

ಫೈಲನ್ನು ಒಡೆಯುವ ಕೆಲಸವನ್ನು ಒಂದೇ ಒಂದು ಫಂಕ್ಷನ್‌ನಿಂದ ಆರಂಭಿಸಿ. ಕ್ಲೌಡ್-ಇನಿಟ್ ಯೋಜನೆಯಲ್ಲೂ 2020ರಲ್ಲಿ ಇಂಥದ್ದೇ ಕೆಲಸ ನಡೆಯಿತು. ಹೊರಗಿನ ಕಮಾಂಡ್‌ಗಳನ್ನು ಓಡಿಸುವ ‘ಸಬ್‌ಪಿ’ ಎಂಬ ಫಂಕ್ಷನ್ ಯುಟಿಲ್‌ನಲ್ಲಿತ್ತು. ಅದನ್ನು ಅದರದೇ ಮಾಡ್ಯೂಲ್‌ಗೆ ಸ್ಥಳಾಂತರಿಸಿದರು. ಕೇಳಲು ಸುಲಭ. ಆದರೆ ಒಂದು ಅಪಾಯವಿದೆ. ಹಳೆಯ ಕೋಡಿಗೆ ತೊಂದರೆಯಾಗದಿರಲೆಂದು ಹಳೆಯ ಹೆಸರನ್ನು ಯುಟಿಲ್‌ನಲ್ಲಿ ಹಾಗೆಯೇ ಉಳಿಸಿದಿರಿ ಎಂದುಕೊಳ್ಳಿ. ಟೆಸ್ಟ್‌ಗಳು ಹಳೆಯ ಹೆಸರಿನ ಜಾಗದಲ್ಲಿ ನಕಲಿ ಫಂಕ್ಷನ್ ಕೂರಿಸುತ್ತವೆ. ನಿಜವಾದ ಕೋಡ್ ಹೊಸ ಹೆಸರಿನಿಂದ ಅಸಲಿಯನ್ನೇ ಕರೆಯುತ್ತದೆ. ಟೆಸ್ಟ್ ಓಡಿಸಿದ ನಿಮ್ಮ ಸ್ವಂತ ಲ್ಯಾಪ್‌ಟಾಪ್‌ನಲ್ಲೇ ಬಳಕೆದಾರರನ್ನು ಸೇರಿಸುವ, ಡಿಸ್ಕ್ ಫಾರ್ಮ್ಯಾಟ್ ಮಾಡುವ ಕಮಾಂಡ್‌ಗಳು ಹೊರಡುತ್ತವೆ! ಕ್ಲೌಡ್-ಇನಿಟ್‌ನ ಟೆಸ್ಟ್‌ಗಳಲ್ಲಿ ಇದಕ್ಕೊಂದು ಕಾವಲು ಇದೆ: ಯಾವುದೇ ಟೆಸ್ಟ್ ಅನುಮತಿಯಿಲ್ಲದೆ ನಿಜವಾದ ಕಮಾಂಡ್ ಓಡಿಸಲು ಹೋದರೆ ಆ ಟೆಸ್ಟ್ ಅಲ್ಲೇ ವಿಫಲವಾಗುತ್ತದೆ. ನಿಮ್ಮ ಯೋಜನೆಯಲ್ಲಿ ಅಂಥ ಕಾವಲು ಇಲ್ಲದಿದ್ದರೆ, ಮೊದಲ ಪ್ಯಾಚ್ ಅದೇ ಆಗಲಿ. ಯುಟಿಲ್ ಇನ್ನೊಂದು ತಿಂಗಳು ಕಾಯಲಿ.

ಕೋಡಿನ ಸ್ಥಳ ಬದಲಿಸುವುದು ಮತ್ತು ಕೋಡನ್ನೇ ಬದಲಿಸುವುದು ಒಂದೇ ಕಮಿಟ್‌ನಲ್ಲಿ (ಒಟ್ಟಿಗೆ ದಾಖಲಿಸಿದ ಬದಲಾವಣೆಯಲ್ಲಿ) ಬರಬಾರದು. ಸ್ಥಳಾಂತರದ ಕಮಿಟ್‌ನಲ್ಲಿ ಒಂದು ಅಕ್ಷರವೂ ತಿದ್ದಿರಬಾರದು. ಇಲ್ಲಿ ನಾನು ಹಟಮಾರಿ. ಎಂಟುನೂರು ಸಾಲು ಅತ್ತಿತ್ತ ಆಗಿರುವ ಪ್ಯಾಚ್‌ನ ನಡುವೆ ಅಡಗಿದ ಒಂದು ಷರತ್ತಿನ ಬದಲಾವಣೆಯನ್ನು ಎಷ್ಟು ನುರಿತ ಕಣ್ಣೂ ಹಿಡಿಯಲಾರದು.

ಈಗ ಒಂದು ನನ್ನ ತಪ್ಪು. ಮೆಟಾಡೇಟಾ (ಯಂತ್ರದ ಬಗ್ಗೆ ಕ್ಲೌಡ್ ಕೊಡುವ ಮಾಹಿತಿ) ಎಲ್ಲಿಂದ ಬಂತು ಎಂಬುದನ್ನು ನೆನಪಿಡುವ ಡೇಟಾಸೋರ್ಸ್ ಆಬ್ಜೆಕ್ಟನ್ನು ಕ್ಲೌಡ್-ಇನಿಟ್ ಪಿಕಲ್ ರೂಪದಲ್ಲಿ, ಅಂದರೆ ಪೈಥಾನ್ ಆಬ್ಜೆಕ್ಟನ್ನು ಫೈಲ್ ಆಗಿಸುವ ವಿಧಾನದಲ್ಲಿ, ಡಿಸ್ಕ್‌ಗೆ ಬರೆದಿಡುತ್ತದೆ; ಮರುಬೂಟ್ ಆದಾಗ ಅದನ್ನೇ ಓದಿಕೊಳ್ಳುತ್ತದೆ. ಇದೇ ವಿನ್ಯಾಸವನ್ನು ಅನುಸರಿಸಿದ್ದ ಒಂದು ಸಣ್ಣ ಯೋಜನೆಯಲ್ಲಿ ನಾನು ಒಂದು ಕ್ಲಾಸ್‌ನ ಕನ್‌ಸ್ಟ್ರಕ್ಟರ್‌ಗೆ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡಿಗೆ) ಒಂದೇ ಒಂದು ಹೊಸ ಆಟ್ರಿಬ್ಯೂಟ್ ಸೇರಿಸಿದೆ. ಟೆಸ್ಟ್‌ಗಳೆಲ್ಲ ಪಾಸಾದವು. ಹೊಸ ಯಂತ್ರ ಚೆನ್ನಾಗಿಯೇ ಎದ್ದಿತು. ಆದರೆ ತಿಂಗಳುಗಳಿಂದ ಓಡುತ್ತಿದ್ದ ಯಂತ್ರದಲ್ಲಿ ಪ್ಯಾಕೇಜ್ ಅಪ್‌ಡೇಟ್ ಆಗಿ, ಅದು ಮರುಬೂಟ್ ಆದಾಗ ‘ಇಂಥ ಆಟ್ರಿಬ್ಯೂಟ್ ಇಲ್ಲ’ ಎಂದು ನಡುದಾರಿಯಲ್ಲೇ ನಿಂತುಬಿಟ್ಟಿತು. ಪಿಕಲ್‌ನಿಂದ ಆಬ್ಜೆಕ್ಟ್ ಹೊರಬರುವಾಗ ಕನ್‌ಸ್ಟ್ರಕ್ಟರ್ ಓಡುವುದಿಲ್ಲ. ಹಳೆಯ ಆವೃತ್ತಿ ಬರೆದಿಟ್ಟ ಆಬ್ಜೆಕ್ಟ್‌ನಲ್ಲಿ ಆ ಆಟ್ರಿಬ್ಯೂಟ್ ಹುಟ್ಟಿಯೇ ಇರಲಿಲ್ಲ.

ಕ್ಲೌಡ್-ಇನಿಟ್‌ನವರು ಇದಕ್ಕೆ ಎರಡು ವ್ಯವಸ್ಥೆ ಮಾಡಿಕೊಂಡಿದ್ದಾರೆ. ಇಂಥ ಕ್ಲಾಸ್‌ಗಳಿಗೆ ಒಂದು ಆವೃತ್ತಿ ಸಂಖ್ಯೆ ಇರುತ್ತದೆ. ಹಳೆಯ ಆಬ್ಜೆಕ್ಟ್ ಓದಿದಾಗ ಅದರಲ್ಲಿಲ್ಲದ್ದನ್ನು ತುಂಬುವ ಮೆಥಡ್ ಓಡುತ್ತದೆ. ಜೊತೆಗೆ, ನಿಜವಾದ ಹಳೆಯ ಆವೃತ್ತಿಗಳು ಬರೆದ ಪಿಕಲ್ ಫೈಲ್‌ಗಳನ್ನು ಟೆಸ್ಟ್ ಫೋಲ್ಡರ್‌ನಲ್ಲಿ ಇಟ್ಟುಕೊಂಡು, ಹೊಸ ಕೋಡ್ ಅವನ್ನು ಓದಬಲ್ಲದೇ ಎಂದು ಪರೀಕ್ಷಿಸುತ್ತಾರೆ. ಎರಡನೆಯದು ನನಗೆ ಬಹಳ ಇಷ್ಟ. ನಿನ್ನೆಯ ಕೋಡ್ ಏನು ಬಿಟ್ಟುಹೋಗಿದೆ ಎಂಬುದಕ್ಕೆ ಅದಕ್ಕಿಂತ ಪ್ರಾಮಾಣಿಕ ಸಾಕ್ಷಿ ಇಲ್ಲ. ನೀವೂ ಇಂದೇ ಒಂದು ಹಳೆಯ ಇಮೇಜ್ (ಯಂತ್ರದ ಡಿಸ್ಕ್‌ನ ಪ್ರತಿ) ಎಬ್ಬಿಸಿ, ಅದು ಡಿಸ್ಕ್‌ನಲ್ಲಿ ಬರೆದಿಟ್ಟದ್ದನ್ನೆಲ್ಲ ತಂದಿಟ್ಟುಕೊಳ್ಳಿ.

ಇದರಿಂದ ನಿಮ್ಮ ಪರೀಕ್ಷೆಗಳ ಪಟ್ಟಿಯೂ ಬದಲಾಗಬೇಕು. ಹೊಸ ಯಂತ್ರ ಎಬ್ಬಿಸಿ ನೋಡುವುದು ಸಾಲದು. ಮರುಬೂಟ್ ಮಾಡಿ ನೋಡಬೇಕು. ಹಳೆಯ ಆವೃತ್ತಿಯಲ್ಲಿ ಎದ್ದದ್ದನ್ನು ಅಪ್‌ಡೇಟ್ ಮಾಡಿ ಮರುಬೂಟ್ ಮಾಡಬೇಕು. ಓಡಿದ ಯಂತ್ರದಿಂದಲೇ ಇಮೇಜ್ ತೆಗೆದು, ಅದರಿಂದ ಇನ್ನೊಂದನ್ನು ಎಬ್ಬಿಸಬೇಕು. ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ‘ಮೊದಲ ಬೂಟ್’ ಎಂದರೆ ಯಾವುದು ಎಂಬುದನ್ನು ಕ್ಲೌಡ್-ಇನಿಟ್ ತೀರ್ಮಾನಿಸುವುದು ಇನ್‌ಸ್ಟೆನ್ಸ್ ಐಡಿ (ಕ್ಲೌಡ್ ಪ್ರತಿ ಯಂತ್ರಕ್ಕೂ ಕೊಡುವ ಗುರುತು) ನೋಡಿ. ಐಡಿ ಬದಲಾಗಿದ್ದರೆ ಇನ್‌ಸ್ಟೆನ್ಸ್‌ಗೊಮ್ಮೆ ಓಡಬೇಕಾದ ಮಾಡ್ಯೂಲ್‌ಗಳೆಲ್ಲ ಮತ್ತೆ ಓಡುತ್ತವೆ, ಎಸ್‌ಎಸ್‌ಎಚ್ ಹೋಸ್ಟ್ ಕೀಲಿಗಳು ಹೊಸದಾಗಿ ಹುಟ್ಟುತ್ತವೆ. ನಿಮ್ಮ ರಿಫ್ಯಾಕ್ಟರಿಂಗ್‌ನಲ್ಲಿ ಐಡಿ ಓದುವ ಕ್ರಮ ತುಸು ಹಿಂದುಮುಂದಾದರೂ ಸಾಕು, ಹಳೆಯ ಯಂತ್ರವೊಂದು ತಾನು ಹೊಸದೆಂದು ತಿಳಿದುಕೊಳ್ಳುತ್ತದೆ.

ಪ್ರಶ್ನೆ: ಬೂಟ್ ನಿಧಾನ ಎಂಬ ದೂರು ಪದೇ ಪದೇ ಬರುತ್ತಿದೆ. ಪೈಥಾನ್ ಬಿಟ್ಟು ಇಡೀ ತಂತ್ರಾಂಶವನ್ನು ಗೋ ಅಥವಾ ರಸ್ಟ್‌ನಲ್ಲಿ ಹೊಸದಾಗಿ ಬರೆಯುವುದು ಒಳ್ಳೆಯದಲ್ಲವೇ?

ಉತ್ತರ: ಅಳೆದು ನೋಡದೆ ಬರೆಯಲು ಕೂರಬೇಡಿ. ಯಾವ ಮಾಡ್ಯೂಲ್ ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಲಾಗ್‌ನಿಂದ ಲೆಕ್ಕ ತೆಗೆಯುವ ‘ಅನಲೈಸ್ ಬ್ಲೇಮ್’ ಎಂಬ ಕಮಾಂಡ್ ಕ್ಲೌಡ್-ಇನಿಟ್‌ನಲ್ಲೇ ಇದೆ. ದೂರು ಕೊಟ್ಟವರ ಯಂತ್ರದಲ್ಲಿ ಅದನ್ನು ಓಡಿಸಿ ಕಳುಹಿಸಲು ಹೇಳಿ. ನಾನು ನೋಡಿದ ಬಹುಪಾಲು ದೂರುಗಳಲ್ಲಿ ಸಮಯ ತಿಂದದ್ದು ಪ್ಯಾಕೇಜ್ ಇನ್‌ಸ್ಟಾಲ್ ಅಥವಾ 169.254.169.254 ವಿಳಾಸದ ಮೆಟಾಡೇಟಾ ಸೇವೆಯ ಉತ್ತರಕ್ಕಾಗಿ ಕಾದದ್ದು. ಭಾಷೆ ಬದಲಿಸಿದರೆ ಕಾಯುವುದು ಕಡಿಮೆಯಾಗುವುದಿಲ್ಲ.

ಪೈಥಾನ್‌ನ ಭಾರ ಇಲ್ಲವೇ ಇಲ್ಲ ಎನ್ನುತ್ತಿಲ್ಲ. ಲೋಕಲ್, ನೆಟ್‌ವರ್ಕ್, ಕಾನ್ಫಿಗ್, ಫೈನಲ್ ಎಂಬ ನಾಲ್ಕು ಹಂತಗಳಿಗೆ ನಾಲ್ಕು ಸಲ ಇಂಟರ್‌ಪ್ರಿಟರ್ ಎದ್ದು, ನಾಲ್ಕು ಸಲ ಅವೇ ಮಾಡ್ಯೂಲ್‌ಗಳನ್ನು ಇಂಪೋರ್ಟ್ ಮಾಡಿಕೊಳ್ಳಬೇಕಿತ್ತು. 2024ರ 24.3 ಆವೃತ್ತಿಯಲ್ಲಿ ನಾಲ್ಕೂ ಹಂತಗಳನ್ನು ಒಂದೇ ಪ್ರಾಸೆಸ್‌ಗೆ ತಂದರು. ಲಿನಕ್ಸ್‌ನಲ್ಲಿ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯ ಯೂನಿಟ್‌ಗಳ ಕ್ರಮ ಹಾಗೆಯೇ ಉಳಿಯಿತು; ಹಾಗಾಗಿ ‘ನೆಟ್‌ವರ್ಕ್ ಬರುವ ಮೊದಲು’, ‘ಬಂದ ಮೇಲೆ’ ಎಂಬ ಹೊಂದಾಣಿಕೆ ತಪ್ಪಲಿಲ್ಲ. ಇನ್ನು, ಈ ಯಂತ್ರಕ್ಕೆ ಡೇಟಾಸೋರ್ಸ್ ಇದೆಯೇ ಎಂಬ ಮೊದಲ ಪತ್ತೆ ಕಾರ್ಯ ಬಹಳ ಹಿಂದೆಯೇ ಶೆಲ್ ಸ್ಕ್ರಿಪ್ಟ್‌ಗೆ ಹೋಗಿದೆ. ಇಲ್ಲವೆಂದಾದರೆ ಪೈಥಾನ್ ಏಳುವುದೇ ಇಲ್ಲ. ನೋವಿರುವ ಜಾಗಕ್ಕಷ್ಟೇ ಮದ್ದು ಹಚ್ಚಿದ ಕೆಲಸಗಳಿವು.

ಕೋರ್‌ಓಎಸ್ ಎಂಬ ಲಿನಕ್ಸ್‌ನಲ್ಲಿ ಇಂಥದ್ದೇ ಕೆಲಸ ಮಾಡುವ ಇಗ್ನಿಷನ್ ಗೋ ಭಾಷೆಯಲ್ಲಿದೆ ಎಂದು ನೀವು ವಾದಿಸಬಹುದು. ನಿಜ. ಆದರೆ ಅದು ಕೊಡುವ ಮಾತೇ ಬೇರೆ: ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ (ಬೂಟ್‌ನ ಆರಂಭದ ತಾತ್ಕಾಲಿಕ ಫೈಲ್ ವ್ಯವಸ್ಥೆಯಲ್ಲಿ), ಮೊದಲ ಬೂಟ್‌ನಲ್ಲಿ ಮಾತ್ರ ಓಡುತ್ತದೆ, ಸಂರಚನೆ ಪೂರ್ತಿಯಾಗದಿದ್ದರೆ ಯಂತ್ರವನ್ನು ಏಳಲು ಬಿಡುವುದಿಲ್ಲ. ನಿಮ್ಮ ಬಳಕೆದಾರರಿಗೆ ಬೇಕಾದದ್ದು ಆ ಮಾತಾದರೆ ಅವರಿಗೆ ಅದನ್ನೇ ತೋರಿಸಿ. ನಿಮ್ಮ ಕೋಡಿನಲ್ಲಿ ವರ್ಷಗಳಿಂದ ಸೇರಿರುವ, ಒಂದೊಂದು ಕ್ಲೌಡ್‌ನ ಒಂದೊಂದು ವಿಚಿತ್ರಕ್ಕೆಂದು ಬರೆದ ವಿಕಾರ ಸಾಲುಗಳನ್ನು ಹೊಸ ಭಾಷೆಯಲ್ಲಿ ಮತ್ತೆ ಒಂದೊಂದಾಗಿ ಕಂಡುಹಿಡಿಯುವ ಹೊರೆಯನ್ನು ನಾಲ್ಕೈದು ಜನರ ತಂಡ ಹೊರಲಾರದು.

ಪ್ರಶ್ನೆ: ಬಳಕೆ ತಪ್ಪಿದ ಕೀಗಳನ್ನು (ಸೆಟ್ಟಿಂಗ್ ಹೆಸರುಗಳನ್ನು) ಸಂರಚನೆಯಿಂದ ಯಾವಾಗ ತೆಗೆದುಹಾಕಬಹುದು? ಎಚ್ಚರಿಕೆ ಕೊಟ್ಟು ಒಂದು ವರ್ಷವಾಯಿತು.

ಉತ್ತರ: ಒಂದು ವರ್ಷ ತೀರಾ ಕಡಿಮೆ. ಯೂಸರ್-ಡೇಟಾವನ್ನು (ಯಂತ್ರಕ್ಕೆ ಬಳಕೆದಾರ ಕೊಡುವ ಸಂರಚನೆಯನ್ನು) ಜನ ಒಮ್ಮೆ ಬರೆದು ಟೆಂಪ್ಲೇಟ್‌ನಲ್ಲಿಟ್ಟು ಮರೆಯುತ್ತಾರೆ. ಬರೆದವರು ಕೆಲಸ ಬಿಟ್ಟು ಹೋಗಿರುತ್ತಾರೆ. ಎಚ್ಚರಿಕೆ ಬಿದ್ದ ಲಾಗನ್ನು ಯಾರೂ ತೆರೆದಿರುವುದಿಲ್ಲ. ಹಳೆಯ ‘ಆಪ್ಟ್ ಅಪ್‌ಡೇಟ್’ ಕೀ ಬದಲಿಗೆ ‘ಪ್ಯಾಕೇಜ್ ಅಪ್‌ಡೇಟ್’ ಬಳಸಿ ಎಂದು ಹೇಳುತ್ತಲೇ, ಹಳೆಯದನ್ನು ಹೊಸದಕ್ಕೆ ಹೊಂದಿಸಿ ಓಡಿಸುವ ನಾಲ್ಕು ಸಾಲುಗಳನ್ನು ಉಳಿಸಿಕೊಳ್ಳುವ ಖರ್ಚು ಎಷ್ಟು? ಏನೂ ಇಲ್ಲ. ನಿಜಕ್ಕೂ ದಾರಿಗೆ ಅಡ್ಡವಾದದ್ದನ್ನು ಮಾತ್ರ ತೆಗೆಯಿರಿ, ಅದೂ ದೊಡ್ಡ ಬಿಡುಗಡೆಯಲ್ಲಿ.

ಸಣ್ಣದೆಂದು ಕಾಣುವ ಬದಲಾವಣೆಯೂ ಎಲ್ಲಿಗೆ ತಟ್ಟುತ್ತದೆ ನೋಡಿ. 23.4 ಆವೃತ್ತಿಯಿಂದ, ಕೆಲಸ ಮುಗಿದರೂ ನಡುವೆ ಚೇತರಿಸಿಕೊಳ್ಳಬಹುದಾದ ದೋಷ ಕಂಡಿದ್ದರೆ, ಕ್ಲೌಡ್-ಇನಿಟ್‌ನ ಸ್ಟೇಟಸ್ ಕಮಾಂಡ್ ಸೊನ್ನೆಯ ಬದಲು 2 ಎಂಬ ಎಗ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಫಲಿತಾಂಶ ತಿಳಿಸುವ ಸಂಖ್ಯೆ) ಕೊಡುತ್ತದೆ. ವಿಚಾರ ಒಳ್ಳೆಯದು, ನಾನೂ ಒಪ್ಪುತ್ತೇನೆ. ಆದರೆ ಸೊನ್ನೆಯಲ್ಲದ್ದೆಲ್ಲ ಸೋಲು ಎಂದು ತಿಳಿಯುವ ಸ್ಕ್ರಿಪ್ಟ್ ಇಂಥ ಕಡೆ ತಟ್ಟನೆ ನಿಲ್ಲುತ್ತದೆ. ಹಳೆಯ ಉಬುಂಟು ಬಿಡುಗಡೆಗಳಿಗೆ ಆ ಆವೃತ್ತಿ ಕಳುಹಿಸುವಾಗ ಹಿಂದಿನ ವರ್ತನೆಯನ್ನೇ ಉಳಿಸುವ ಪ್ಯಾಚ್ ಹಾಕಿದರು. ಉಬುಂಟುವಿನಂಥ ಲಿನಕ್ಸ್ ವಿತರಣೆಗಳು ಹೀಗೆ ಮಾಡಲು ಅನುಕೂಲವಾಗುವಂತೆ, ಬದಲಾಗುವ ವರ್ತನೆಯನ್ನು ಒಂದು ಫೀಚರ್ ಫ್ಲ್ಯಾಗ್‌ನ (ಆನ್-ಆಫ್ ಮಾಡಬಹುದಾದ ಸ್ವಿಚ್‌ನ) ಹಿಂದೆ ಇಡಿ. ಆಗ ಅವರು ತಿದ್ದಬೇಕಾದದ್ದು ಒಂದೇ ಸಾಲು.

ಪ್ರಶ್ನೆ: ನಮಗೆ ಖಾತೆಯೇ ಇಲ್ಲದ ಕ್ಲೌಡ್‌ಗಳಿಗೆ ಬರುವ ಪ್ಯಾಚ್‌ಗಳನ್ನು ಹೇಗೆ ಪರಿಶೀಲಿಸುವುದು?

ಉತ್ತರ: ಕಳುಹಿಸಿದವರಿಂದಲೇ ಪುರಾವೆ ಕೇಳಿ. ಪ್ಯಾಚ್ ಹಾಕುವ ಮುನ್ನಿನ ಮತ್ತು ಹಾಕಿದ ಮೇಲಿನ ಪೂರ್ತಿ ಬೂಟ್ ಲಾಗ್, ಮರುಬೂಟ್‌ನದ್ದೂ ಸೇರಿ, ಕಣ್ಣಮುಂದೆ ಇರದೆ ಒಪ್ಪಿಗೆ ಕೊಡಬೇಡಿ, ಸಂಕೋಚ ಬೇಡ. ಲಾಗ್ ಸಾರ್ವಜನಿಕವಾಗಿ ಹಾಕುವ ಮುನ್ನ ಅದರಲ್ಲಿ ಪಾಸ್‌ವರ್ಡ್, ಟೋಕನ್ ಇಲ್ಲವೆಂದು ನೋಡಿಕೊಳ್ಳಲು ಅವರಿಗೆ ತಪ್ಪದೆ ಹೇಳಿ. ಹೊಸ ಡೇಟಾಸೋರ್ಸ್ ಸೇರಿಸುವುದಾದರೆ, ಮುಂದೆ ಬಗ್ ಬಂದಾಗ ಉತ್ತರಿಸುವವರು ಯಾರು ಎಂದು ಕೇಳಿ, ಉತ್ತರವನ್ನು ಲಿಖಿತವಾಗಿಯೇ ಪಡೆಯಿರಿ. ಉತ್ತರ ಬಾರದಿದ್ದರೆ ಆ ಪ್ಯಾಚನ್ನು ಸೇರಿಸಿಕೊಳ್ಳದೆ ಇರಲು ನಿಮಗೆ ಪೂರ್ತಿ ಹಕ್ಕಿದೆ.