ಎಲೆಕ್ಟ್ರಿಕ್ ಕಾರು, ಒಬ್ಬನೇ ಸವಾರ ಮತ್ತು ಕಾರ್‌ಪೂಲ್ ಲೇನ್

ವಾಹನ, ರಸ್ತೆ ಮತ್ತು ಸಾರಿಗೆ ನಿಯಮಗಳ ಕುರಿತು ಓದುಗರು ಕೇಳುವ ಪ್ರಶ್ನೆಗಳಿಗೆ ಈ ಅಂಕಣದಲ್ಲಿ ಉತ್ತರಿಸಲಾಗುತ್ತದೆ. ಈ ಬಾರಿ ಬಂದ ಹಲವು ಪತ್ರಗಳು ಒಂದೇ ವಿಷಯದ ಸುತ್ತ ಇದ್ದುದರಿಂದ ಅವನ್ನೆಲ್ಲ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಮಗ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಹೋಸೆಯಲ್ಲಿದ್ದಾನೆ. ಆಫೀಸಿಗೆ ಹೋಗುವಾಗ ಕಾರ್‌ಪೂಲ್ ಲೇನಿನಲ್ಲಿ ಒಬ್ಬನೇ ಹೋಗಬಹುದೆಂಬ ಆಸೆಯಿಂದಲೇ ಎಲೆಕ್ಟ್ರಿಕ್ ಕಾರು ಕೊಂಡಿದ್ದ. ಈಗ ಆ ಸೌಲಭ್ಯ ರದ್ದಾಗಿದೆ ಎಂದು ಫೋನಿನಲ್ಲಿ ಬೇಸರ ಮಾಡಿಕೊಳ್ಳುತ್ತಾನೆ. ಕೊಟ್ಟದ್ದನ್ನು ಸರ್ಕಾರ ಹೀಗೆ ವಾಪಸು ಪಡೆಯಬಹುದೇ? ಅಷ್ಟಕ್ಕೂ ಈ ಲೇನ್ ಎಂದರೇನು?
— ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅಮೆರಿಕದ ದೊಡ್ಡ ನಗರಗಳ ಹೆದ್ದಾರಿಗಳಲ್ಲಿ ಬೆಳಗ್ಗೆ ಮತ್ತು ಸಂಜೆ ಸಾಲುಗಟ್ಟಿ ನಿಲ್ಲುವ ಕಾರುಗಳಲ್ಲಿ ಬಹುಪಾಲಿನಲ್ಲಿ ಚಾಲಕನನ್ನು ಬಿಟ್ಟರೆ ಮತ್ತೊಬ್ಬರಿರುವುದಿಲ್ಲ. ರಸ್ತೆಯನ್ನು ಅಗಲ ಮಾಡುತ್ತಲೇ ಹೋಗುವ ಬದಲು ಇರುವ ರಸ್ತೆಯಲ್ಲಿಯೇ ಹೆಚ್ಚು ಜನರನ್ನು ಸಾಗಿಸುವುದು ಹೇಗೆಂದು ಯೋಚಿಸಿದಾಗ, 1969ರಲ್ಲಿ ವಾಷಿಂಗ್ಟನ್ ನಗರದ ಪಕ್ಕದ ವರ್ಜೀನಿಯಾದ ಶರ್ಲಿ ಹೆದ್ದಾರಿಯಲ್ಲಿ ಬಸ್ಸುಗಳಿಗೆಂದೇ ಪಥವೊಂದನ್ನು ಮೀಸಲಿಟ್ಟರು. 1973ರಲ್ಲಿ ಹಲವರು ಜೊತೆಯಾಗಿ ಪ್ರಯಾಣಿಸುವ ಕಾರುಗಳಿಗೂ ಅದನ್ನು ತೆರೆದರು. ನೆಲದ ಮೇಲೆ ಬಿಳಿ ಬಣ್ಣದಲ್ಲಿ ವಜ್ರದಾಕಾರದ ಗುರುತು ಬರೆದಿರುವ ಇಂಥ ಪಥಗಳೇ ಕಾರ್‌ಪೂಲ್ ಲೇನ್‌ಗಳು. ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚಿನ ಕಡೆ ಕಾರಿನಲ್ಲಿ ಇಬ್ಬರಿದ್ದರೆ ಸಾಕು, ಕೆಲವು ಕಡೆ ಮೂವರಿರಬೇಕು. ನಿಯಮ ಮುರಿದವರಿಗೆ ಕನಿಷ್ಠ 490 ಡಾಲರ್ ದಂಡ ಬೀಳುತ್ತದೆ.

ಒಬ್ಬನೇ ಸವಾರನಿರುವ ಕಾರಿಗೆ ಇಲ್ಲಿ ಪ್ರವೇಶ ಸಿಕ್ಕಿದ್ದು ಬಹಳ ಈಚೆಗೆ, ಅದೂ ಬೇರೆಯದೇ ಉದ್ದೇಶಕ್ಕೆ. ಹೊಗೆಯುಗುಳದ ವಾಹನಗಳನ್ನು ಕೊಳ್ಳುವಂತೆ ಜನರನ್ನು ಒಲಿಸಲು ಕ್ಯಾಲಿಫೋರ್ನಿಯಾ 1999ರಲ್ಲಿ ಕಾನೂನು ಮಾಡಿ, ಮರುವರ್ಷದಿಂದ ಅಂಥ ಕಾರುಗಳಿಗೆ ಸ್ಟಿಕರ್ ಕೊಡತೊಡಗಿತು. ಬಂಪರಿಗೆ ಅಂಟಿಸುವ ಆ ಸ್ಟಿಕರ್ ಇದ್ದರೆ ಒಬ್ಬರೇ ಇದ್ದರೂ ಕಾರ್‌ಪೂಲ್ ಲೇನಿಗೆ ಇಳಿಯಬಹುದಿತ್ತು. ಪೆಟ್ರೋಲ್ ಮತ್ತು ಬ್ಯಾಟರಿ ಎರಡರಲ್ಲೂ ಓಡುವ ಹೈಬ್ರಿಡ್ ಕಾರುಗಳಿಗೂ ನಡುವೆ ಕೆಲವು ವರ್ಷ ಹಳದಿ ಸ್ಟಿಕರ್ ಕೊಟ್ಟು, ಸಂಖ್ಯೆಯನ್ನು 85,000ಕ್ಕೆ ಮಿತಿಗೊಳಿಸಿ, 2011ರ ಜುಲೈ 1ರಂದು ನಿಲ್ಲಿಸಿದರು. ಸ್ಟಿಕರ್ ಹಂಚಿ ಮುಗಿದಿದ್ದ ದಿನಗಳಲ್ಲಿ, ಸ್ಟಿಕರ್ ಇರುವ ಹಳೆಯ ಕಾರು ಇಲ್ಲದ ಕಾರಿಗಿಂತ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿತ್ತಂತೆ. ಜನ ದುಡ್ಡು ಕೊಟ್ಟದ್ದು ಕಾರಿಗಿಂತ ಹೆಚ್ಚಾಗಿ ಆ ಕಾಗದದ ತುಂಡಿಗೆ ಎನ್ನಬೇಕು.

ಇನ್ನು ವಾಪಸು ಪಡೆದ ವಿಷಯ. ಹೆದ್ದಾರಿಗಳಿಗೆ ಹಣದ ಒಂದು ಪಾಲು ಬರುವುದು ಅಲ್ಲಿನ ಕೇಂದ್ರ ಸರ್ಕಾರದಿಂದ. ಆದ್ದರಿಂದ ಒಬ್ಬನೇ ಸವಾರನಿಗೆ ವಿನಾಯಿತಿ ಕೊಡುವ ಅಧಿಕಾರವೂ ರಾಜ್ಯಗಳಿಗೆ ಕೇಂದ್ರದ ಕಾನೂನಿನಿಂದಲೇ ಬರಬೇಕು. 2005ರ ಸಾರಿಗೆ ಕಾಯ್ದೆ ಈ ಅಧಿಕಾರವನ್ನು ಸ್ಪಷ್ಟವಾಗಿ ಕೊಟ್ಟಿತು. 2015ರ ಕಾಯ್ದೆ ಅದನ್ನು 2025ರ ಸೆಪ್ಟೆಂಬರ್ 30ರವರೆಗೆ ಮುಂದುವರಿಸಿತು. ಆ ದಿನಾಂಕ ಕಾಯ್ದೆಯಲ್ಲಿಯೇ ಇತ್ತು. ಕ್ಯಾಲಿಫೋರ್ನಿಯಾ ತನ್ನ ಕಡೆಯಿಂದ 2024ರಲ್ಲಿ ಕಾನೂನು ತಿದ್ದಿ, ಕೇಂದ್ರ ಒಪ್ಪಿದರೆ 2027ರ ಆರಂಭದವರೆಗೆ ಸೌಲಭ್ಯ ಮುಂದುವರಿಸಲು ಸಿದ್ಧವಾಗಿತ್ತಾದರೂ ಅಲ್ಲಿನ ಸಂಸತ್ತು ಅವಧಿಯನ್ನು ವಿಸ್ತರಿಸಲಿಲ್ಲ. ಹೀಗಾಗಿ ಐದು ಲಕ್ಷಕ್ಕೂ ಹೆಚ್ಚು ಕಾರುಗಳ ಸ್ಟಿಕರುಗಳು, ಅವುಗಳ ಬಣ್ಣ ಯಾವುದೇ ಇರಲಿ, ಒಂದೇ ದಿನ ಬೆಲೆ ಕಳೆದುಕೊಂಡವು. ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿದ್ದ ಇಂಥದೇ ಯೋಜನೆಯೂ ಅಂದೇ ನಿಂತಿತು.

ನಿಮ್ಮ ಮಗನಿಗೆ ಇನ್ನೊಂದು ಪೆಟ್ಟೂ ಬಿದ್ದಿರಬಹುದು. ಸ್ಯಾನ್ ಹೋಸೆ ಸುತ್ತಿನ 101, 880ರಂಥ ಹೆದ್ದಾರಿಗಳಲ್ಲಿ ಕೆಲವು ಪಥಗಳು ಟೋಲ್ ಕೊಟ್ಟು ಹೋಗುವ ಎಕ್ಸ್‌ಪ್ರೆಸ್ ಲೇನ್‌ಗಳಾಗಿವೆ. ಗಾಜಿನ ಹಿಂದೆ ನಮ್ಮ ಫಾಸ್ಟ್ಯಾಗಿನ ಜಾಗದಲ್ಲಿ ಅಲ್ಲೊಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಕಾರಿನಲ್ಲಿ ಎಷ್ಟು ಜನರಿದ್ದಾರೆಂಬುದಕ್ಕೆ ತಕ್ಕಂತೆ ಅದರ ಗುಂಡಿಯನ್ನು 1, 2 ಅಥವಾ 3ಕ್ಕೆ ಸರಿಸಬೇಕು. ಎಲೆಕ್ಟ್ರಿಕ್ ಕಾರಿನ ಒಬ್ಬನೇ ಸವಾರನಿಗೆ ಅಲ್ಲಿ ಅರ್ಧ ಟೋಲಿನ ರಿಯಾಯಿತಿ ಇತ್ತು. ಸ್ಟಿಕರಿನ ಜೊತೆ ಅದೂ ಹೋಯಿತು. ಈಗ ಅವರಿಗೆ ಇರುವ ದಾರಿ ಎರಡೇ: ಪೂರ್ತಿ ಟೋಲ್ ಕೊಡುವುದು, ಇಲ್ಲವೇ ಅದೇ ದಿಕ್ಕಿಗೆ ಹೋಗುವ ಸಹೋದ್ಯೋಗಿಯನ್ನು ಜೊತೆಗೆ ಕೂರಿಸಿಕೊಳ್ಳುವುದು. ಎರಡನೆಯದೇ ಆ ಲೇನಿನ ಮೂಲ ಉದ್ದೇಶ.

ಕಿತ್ತುಕೊಂಡರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವಧಿ ನಿಗದಿಯಾಗಿದ್ದ ಪರವಾನಗಿ ಅವಧಿ ಮುಗಿದು ನಿಂತಿತು. ಕಾರು ಮಾರುವವರು ಆ ದಿನಾಂಕವನ್ನು ಎಷ್ಟು ದೊಡ್ಡ ದನಿಯಲ್ಲಿ ಹೇಳಿದ್ದರು ಎಂಬುದು ಮಾತ್ರ ಬೇರೆ ಪ್ರಶ್ನೆ.

ಪ್ರಶ್ನೆ: ಹೊಗೆಯಿಲ್ಲದ ಕಾರುಗಳನ್ನು ಆ ಲೇನಿನಿಂದ ಹೊರಗೆ ಹಾಕಿದರೆ ಪರಿಸರಕ್ಕೇ ನಷ್ಟವಲ್ಲವೇ? ಯೋಜನೆ ಯಶಸ್ವಿಯಾಗಿರುವಾಗ ನಿಲ್ಲಿಸಿದ್ದೇಕೆ?
— ಓದುಗರು, ಕೊಪ್ಪ

ಉತ್ತರ: ಯಶಸ್ವಿಯಾದದ್ದೇ ಅದರ ತೊಡಕು. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಎಲ್ಲರನ್ನೂ ಕರೆದರೆ ಅದು ಮೊದಲ ಪಂಕ್ತಿಯಾಗಿ ಉಳಿಯುವುದಿಲ್ಲ; ಬಾಗಿಲಲ್ಲಿ ನೂಕುನುಗ್ಗಲಾಗುತ್ತದೆ ಅಷ್ಟೆ. ಕಾರ್‌ಪೂಲ್ ಲೇನ್ ವೇಗವಾಗಿರುವುದು ಅದರಲ್ಲಿ ಕಾರುಗಳು ಕಡಿಮೆ ಇರುವುದರಿಂದ. ಅಮೆರಿಕದ ಕಾನೂನು ಇದಕ್ಕೊಂದು ಅಳತೆಯನ್ನೂ ಇಟ್ಟಿದೆ: ಗಂಟೆಗೆ 50 ಮೈಲಿ ಅಥವಾ ಹೆಚ್ಚಿನ ವೇಗಮಿತಿಯ ರಸ್ತೆಯಲ್ಲಿ, ದಟ್ಟಣೆಯ ವೇಳೆಯ ಶೇಕಡಾ 90 ಭಾಗದಲ್ಲಿ ಈ ಲೇನಿನ ಸರಾಸರಿ ವೇಗ ಗಂಟೆಗೆ 45 ಮೈಲಿ, ಅಂದರೆ ಸುಮಾರು 72 ಕಿಲೋಮೀಟರ್ ಇರಬೇಕು, 180 ದಿನಗಳ ಅವಧಿಯಲ್ಲಿ ಹಾಗಿರದಿದ್ದರೆ ಲೇನ್ ಹದಗೆಟ್ಟಿದೆ ಎಂದೇ ಅರ್ಥ, ರಾಜ್ಯ ಅದನ್ನು ಸರಿಪಡಿಸಬೇಕು. ಕ್ಯಾಲಿಫೋರ್ನಿಯಾದ ಅನೇಕ ಲೇನುಗಳು ಈ ಅಳತೆಯಲ್ಲಿ ನಪಾಸಾಗಿದ್ದವು. ಬಸ್ಸಿನಲ್ಲಿರುವ ನಲವತ್ತು ಜನ, ಒಬ್ಬನೇ ಇರುವ ನಾಲ್ಕು ಎಲೆಕ್ಟ್ರಿಕ್ ಕಾರುಗಳ ಹಿಂದೆ ತೆವಳಬೇಕಾಗಿ ಬಂದರೆ ಹೊಗೆ ಉಳಿದರೂ ಹೊತ್ತು ಉಳಿಯುವುದಿಲ್ಲ. ಎಂಜಿನ್ನಿನ ಬದಲು ಬ್ಯಾಟರಿ ಇಟ್ಟ ಮಾತ್ರಕ್ಕೆ ಕಾರು ರಸ್ತೆಯ ಮೇಲೆ ಹಿಡಿಯುವ ಜಾಗವೇನೂ ಕಿರಿದಾಗುವುದಿಲ್ಲ.

ನಾರ್ವೆಯಲ್ಲಿಯೂ ಇದೇ ಆಯಿತು. ಎಲೆಕ್ಟ್ರಿಕ್ ಕಾರುಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಅವುಗಳಿಗೆ ಬಸ್ ಪಥವನ್ನು ಬಿಟ್ಟುಕೊಟ್ಟ ಆ ದೇಶ, ಅವುಗಳ ಸಂಖ್ಯೆ ಏರಿ ಓಸ್ಲೋಗೆ ಬರುವ ಬಸ್ಸುಗಳೇ ತಡವಾಗತೊಡಗಿದಾಗ, ಇ-18 ಹೆದ್ದಾರಿಯಲ್ಲಿ ದಟ್ಟಣೆಯ ವೇಳೆ ಕಾರಿನೊಳಗೆ ಇನ್ನೊಬ್ಬ ಪ್ರಯಾಣಿಕರೂ ಇರಬೇಕೆಂದು ನಿಯಮ ಬದಲಿಸಿತು.

ಆದರೂ ಹೊರಹಾಕುವುದರಿಂದ ಎಲ್ಲ ಸರಿಹೋಗುತ್ತದೆ ಎನ್ನಲಾಗದು. 2011ರಲ್ಲಿ ಹೈಬ್ರಿಡ್ ಕಾರುಗಳನ್ನು ಹೊರಗಿಟ್ಟ ಮೇಲೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಹೆದ್ದಾರಿಗಳನ್ನು ಪರಿಶೀಲಿಸಿದಾಗ ವಿಚಿತ್ರವೊಂದು ಕಂಡಿತು. ಹೊರಬಿದ್ದ ಕಾರುಗಳು ಪಕ್ಕದ ಪಥಗಳಿಗೆ ಸೇರಿ ಅವು ನಿಧಾನವಾದವು. ಪಕ್ಕದ ಸಾಲು ನಿಂತಿರುವಾಗ, ಅಲ್ಲಿಂದ ಯಾರಾದರೂ ತಟ್ಟನೆ ನುಗ್ಗಿಯಾರೆಂಬ ಅಂಜಿಕೆಯಿಂದ ಕಾರ್‌ಪೂಲ್ ಲೇನಿನವರೂ ವೇಗ ತಗ್ಗಿಸಿದರು, ಆದ್ದರಿಂದ ಆ ಲೇನೂ ನಿಧಾನವಾಯಿತು. ಸೌಲಭ್ಯವನ್ನು ಹಂತಹಂತವಾಗಿ, ಹದಗೆಟ್ಟ ಲೇನುಗಳಲ್ಲಿ ಮೊದಲು ಹಿಂತೆಗೆದುಕೊಂಡಿದ್ದರೆ ಚೆನ್ನಾಗಿತ್ತು ಎಂದು ನನ್ನ ಅಭಿಪ್ರಾಯ. ಒಂದೇ ರಾತ್ರಿಯಲ್ಲಿ ಎಲ್ಲರನ್ನೂ ಇಳಿಸಿದ್ದು ಸಾರಿಗೆಯ ಲೆಕ್ಕಾಚಾರದಿಂದಲ್ಲ, ಕ್ಯಾಲೆಂಡರಿನಿಂದ.

ಪ್ರಶ್ನೆ: ಪಕ್ಕದ ಸೀಟಿನಲ್ಲಿ ಬೊಂಬೆ ಕೂರಿಸಿಕೊಂಡು ಆ ಲೇನಿನಲ್ಲಿ ಹೋಗುತ್ತಾರೆಂಬುದು ನಿಜವೇ? ಮಕ್ಕಳು ಲೆಕ್ಕಕ್ಕೆ ಬರುತ್ತಾರೆಯೇ?
— ಓದುಗರು, ಭದ್ರಾವತಿ

ಉತ್ತರ: ನಿಜ. ಬಟ್ಟೆ ಅಂಗಡಿಯ ಬೊಂಬೆಗೆ ಟೋಪಿ, ಕನ್ನಡಕ ಹಾಕಿ ಕೂರಿಸಿದವರನ್ನು ಅಲ್ಲಿನ ಹೆದ್ದಾರಿ ಪೊಲೀಸರು ಆಗಾಗ ಹಿಡಿಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಸೀಟಿನಲ್ಲಿರುವ ಹಸುಗೂಸೂ ಒಬ್ಬ ಪ್ರಯಾಣಿಕನೇ. ಹೊಟ್ಟೆಯಲ್ಲಿರುವ ಮಗು ಅಲ್ಲ. ಬೈಕಿನವರು ಒಬ್ಬರೇ ಇದ್ದರೂ ಹೋಗಬಹುದು, ಏಕೆಂದರೆ ನಿಂತು ನಿಂತು ಸಾಗುವ ಕಾರುಗಳ ನಡುವೆ ಎರಡು ಚಕ್ರದವರಿಗೆ ಅಪಾಯ ಹೆಚ್ಚು.

ಪ್ರಶ್ನೆ: ನಾನು ಹಸಿರು ಬೋರ್ಡಿನ ಎಲೆಕ್ಟ್ರಿಕ್ ಕಾರು ಕೊಂಡಿದ್ದೇನೆ. ನಮ್ಮ ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿಯೂ ಇಂಥ ಕಾರುಗಳಿಗೆ ಪ್ರತ್ಯೇಕ ಪಥ ಕೊಡಿ ಎಂದು ಕೇಳಬಹುದಲ್ಲವೇ? ಟೋಲಿನಲ್ಲಾದರೂ ವಿನಾಯಿತಿ ಇದೆಯೇ?
— ಓದುಗರು, ವಿನೋಬನಗರ, ಶಿವಮೊಗ್ಗ

ಉತ್ತರ: ಕೇಳಬಹುದು, ಆದರೆ ಕೊಡಲು ಪಥವೇ ಇಲ್ಲ. ಬೆಳಗ್ಗೆ ಶಾಲೆ, ಆಫೀಸಿನ ಹೊತ್ತಿಗೆ ಅಮೀರ್ ಅಹಮದ್ ವೃತ್ತದಲ್ಲಿ ಐದು ನಿಮಿಷ ನಿಂತು ನೋಡಿ: ಸಿಟಿ ಬಸ್ಸು ಜನರನ್ನು ಹತ್ತಿಸಿಕೊಳ್ಳಲು ನಿಂತಾಗ ಅದರ ಹಿಂದೆ ಆಟೋ, ಆಟೋ ಪಕ್ಕದಲ್ಲಿ ಸ್ಕೂಟರು, ಅಂಚಿನಲ್ಲಿ ನಿಲ್ಲಿಸಿದ ಕಾರುಗಳು, ಅವುಗಳ ನಡುವೆ ದಾಟುವ ಜನ. ಬಿಳಿ ಗೆರೆ ಎಳೆದ ಮಾತ್ರಕ್ಕೆ ಇಲ್ಲಿ ಪಥ ಹುಟ್ಟುವುದಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯಷ್ಟು ಅಗಲದ ರಸ್ತೆಯಲ್ಲಿಯೇ, 2019ರಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಬಸ್ಸುಗಳಿಗೆಂದು ಕಂಬ ನೆಟ್ಟು ಮಾಡಿದ ಪಥ ಮೆಟ್ರೊ ಕಾಮಗಾರಿಗೆ ಸಿಕ್ಕಿ ಉಳಿಯಲಿಲ್ಲ. ಆ ಪಥ ಬಸ್ಸು ಮತ್ತು ಆಂಬುಲೆನ್ಸುಗಳಿಗಿತ್ತೇ ಹೊರತು ಎಲೆಕ್ಟ್ರಿಕ್ ಕಾರಿಗಾಗಲಿ, ಕಾರ್‌ಪೂಲಿಗಾಗಲಿ ಅಲ್ಲ. ಅದು ಸರಿಯಾದ ಕ್ರಮವೇ ಆಗಿತ್ತು.

ಯಾವ ರಸ್ತೆಯಲ್ಲಿ ಯಾವ ವಾಹನ ಹೋಗಬೇಕು, ಹೋಗಬಾರದು ಎಂದು ನಿರ್ಬಂಧಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನಲ್ಲಿದೆ. ಮಲೆನಾಡಿನಲ್ಲಿ ಅದರ ಬಳಕೆಯನ್ನು ನಾವೆಲ್ಲ ಕಂಡಿದ್ದೇವೆ: ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯಲ್ಲಿ ಭಾರೀ ವಾಹನಗಳನ್ನು ತಡೆಯುತ್ತಾರೆ. ಅಲ್ಲಿ ನೋಡುವುದು ಗಾತ್ರವನ್ನೂ ತೂಕವನ್ನೂ, ಇಂಧನವನ್ನಲ್ಲ. ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಹಸಿರು ಬೋರ್ಡಿನ ಕಾರೂ ಬಿಳಿ ಬೋರ್ಡಿನ ಕಾರೂ ಒಂದೇ ರೀತಿ ಹಿಂದಕ್ಕೆ ಸರಿದು ಜಾಗ ಬಿಡಬೇಕು.

ಹಸಿರು ಬೋರ್ಡ್ ಬಂದದ್ದು 2018ರಲ್ಲಿ. ಸ್ವಂತ ವಾಹನಕ್ಕೆ ಹಸಿರಿನ ಮೇಲೆ ಬಿಳಿ ಅಕ್ಷರ, ಬಾಡಿಗೆ ವಾಹನಕ್ಕೆ ಹಸಿರಿನ ಮೇಲೆ ಹಳದಿ ಅಕ್ಷರ. ಪಾರ್ಕಿಂಗ್, ಟೋಲ್ ಮುಂತಾದ ರಿಯಾಯಿತಿ ಕೊಡಬೇಕೆಂದಾದಾಗ ವಾಹನವನ್ನು ದೂರದಿಂದಲೇ ಗುರುತಿಸಲು ಅನುಕೂಲವಾಗಲಿ ಎಂಬ ಯೋಚನೆಯೂ ಅದರ ಹಿಂದಿತ್ತು. ಆದರೆ ಬೋರ್ಡೇ ರಿಯಾಯಿತಿಯಲ್ಲ. ರಾಷ್ಟ್ರೀಯ ಹೆದ್ದಾರಿಗಳ ಟೋಲ್ ನಿಯಮದಲ್ಲಿ ಎಲೆಕ್ಟ್ರಿಕ್ ಕಾರಿಗೆ ಪ್ರತ್ಯೇಕ ವಿನಾಯಿತಿ ಇಲ್ಲ. 2025ರ ಆಗಸ್ಟ್ 15ರಿಂದ ಬಂದ, ಆರಂಭದಲ್ಲಿ 3,000 ರೂಪಾಯಿ ಬೆಲೆಯಿದ್ದ, 200 ಪ್ರಯಾಣಗಳ ವಾರ್ಷಿಕ ಪಾಸ್ ಪೆಟ್ರೋಲ್ ಕಾರಿನಂತೆಯೇ ನಿಮ್ಮದಕ್ಕೂ ಅನ್ವಯಿಸುತ್ತದೆ. ಮಹಾರಾಷ್ಟ್ರ ಅದೇ ತಿಂಗಳು ಮುಂಬೈನ ಅಟಲ್ ಸೇತುವೆಯಲ್ಲಿ ಎಲೆಕ್ಟ್ರಿಕ್ ಕಾರುಗಳಿಗೆ ಟೋಲ್ ಮನ್ನಾ ಮಾಡಿತು, ಆದರೆ ಅದು ಆ ರಾಜ್ಯದ ನೀತಿ.

ನಮ್ಮಲ್ಲಿ ದೊಡ್ಡ ರಿಯಾಯಿತಿ ಸಿಕ್ಕಿದ್ದು ರಸ್ತೆ ತೆರಿಗೆಯಲ್ಲಿ. ಅದೂ ಕ್ಯಾಲಿಫೋರ್ನಿಯಾದ ಸ್ಟಿಕರಿನ ದಾರಿಯನ್ನೇ ಹಿಡಿಯಿತೆನ್ನಬಹುದು: ಮೊದಲು ಎಲ್ಲ ಎಲೆಕ್ಟ್ರಿಕ್ ವಾಹನಗಳಿಗೆ ಮಾಫಿ ಇತ್ತು, ಕಾರುಗಳು ಹೆಚ್ಚಾದ ಮೇಲೆ, 2024ರಲ್ಲಿ, 25 ಲಕ್ಷ ರೂಪಾಯಿಗಿಂತ ಹೆಚ್ಚಿನ ಬೆಲೆಯ ಎಲೆಕ್ಟ್ರಿಕ್ ಕಾರುಗಳಿಗೆ ಶೇಕಡಾ 10ರ ಜೀವಾವಧಿ ತೆರಿಗೆ ಬಂತು. ಆದ್ದರಿಂದ ಕಾರು ಕೊಳ್ಳುವಾಗ ಇಂದಿನ ರಿಯಾಯಿತಿಯನ್ನು ಕಾರಿನ ಆಯುಷ್ಯದುದ್ದಕ್ಕೂ ಲೆಕ್ಕ ಹಾಕಬೇಡಿ. ಬೇಡಿಕೆ ಇಡುವುದಾದರೆ ಪಥದ ಬದಲು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಗಳಲ್ಲಿ ಮಳೆಗಾಲದಲ್ಲಿಯೂ ಕೆಲಸ ಮಾಡುವ ಚಾರ್ಜಿಂಗ್ ಕೇಂದ್ರಗಳನ್ನು ಕೇಳಿ. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದ ದಿನ ಪ್ರತ್ಯೇಕ ಪಥವಿದ್ದರೂ ಅದರಲ್ಲಿ ಓಡಿಸಲು ಬ್ಯಾಟರಿಯಲ್ಲಿ ಏನಾದರೂ ಇರಬೇಕಲ್ಲ.

ಪ್ರಶ್ನೆ: ನಾವು ನಾಲ್ವರು ಶಿಕ್ಷಕರು ನನ್ನ ಎಲೆಕ್ಟ್ರಿಕ್ ಕಾರಿನಲ್ಲಿ ದಿನವೂ ಶಾಲೆಗೆ ಹೋಗುತ್ತೇವೆ, ತಿಂಗಳಿಗೊಮ್ಮೆ ಉಳಿದವರು ಖರ್ಚಿನ ಪಾಲು ಕೊಡುತ್ತಾರೆ. ಇದು ಬಾಡಿಗೆ ಎನಿಸಿಕೊಂಡು ಆರ್‌ಟಿಓ ದಂಡ ಹಾಕಬಹುದೇ?
— ಓದುಗರು, ಹೊಸನಗರ

ಉತ್ತರ: ಅಮೆರಿಕದವರು ಒಂದು ಪಥ ಮೀಸಲಿಟ್ಟು, ದಂಡದ ಭಯ ಹುಟ್ಟಿಸಿ ಮಾಡಿಸಬೇಕಾದ ಕೆಲಸವನ್ನು ನೀವು ಬಸ್ಸಿನ ಅಭಾವದಿಂದಾಗಿ ತಾವಾಗಿಯೇ ಮಾಡುತ್ತಿದ್ದೀರಿ. ಕಾನೂನು ಗಮನಿಸುವುದು ಬಾಡಿಗೆಯನ್ನು. ಸ್ವಂತ ಬಳಕೆಗೆ ನೋಂದಾಯಿಸಿದ ಕಾರಿನಲ್ಲಿ, ಯಾರೇ ಬಂದರೂ ಹತ್ತಿಸಿಕೊಂಡು ಹಣ ಪಡೆದರೆ ಅದು ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದಂತಾಗುತ್ತದೆ. ಕಾಯ್ದೆಯ 192ಎ ಕಲಮಿನಡಿ ಅದು ಅಪರಾಧ. ಬೆಂಗಳೂರಿನಲ್ಲಿ ಆ್ಯಪ್‌ಗಳ ಮೂಲಕ ಬಿಳಿ ಬೋರ್ಡಿನ ಕಾರುಗಳಲ್ಲಿ ಕಾರ್‌ಪೂಲ್ ನಡೆಸಿದಾಗ ಸಾರಿಗೆ ಇಲಾಖೆ ಆಕ್ಷೇಪ ಎತ್ತಿದ್ದು ಇದೇ ಕಾರಣಕ್ಕೆ. ಒಂದೇ ಶಾಲೆಯ ಪರಿಚಿತರು ಲಾಭವಿಲ್ಲದೆ ಖರ್ಚು ಹಂಚಿಕೊಳ್ಳುವುದು ಆ ಜಾತಿಯದಲ್ಲ. ಆದರೂ ಪಾಲನ್ನು ಚಾರ್ಜಿಂಗಿನ ನಿಜವಾದ ಖರ್ಚಿಗೆ ಮಾತ್ರ ಸೀಮಿತಗೊಳಿಸಿ, ಸೀಟಿಗೆ ಇಷ್ಟೆಂದು ದರ ಕಟ್ಟಬೇಡಿ, ದಾರಿಯಲ್ಲಿ ಕೈ ಅಡ್ಡ ಹಿಡಿದವರಿಂದ ಹಣ ಮುಟ್ಟಬೇಡಿ. ಉಳಿದವರಲ್ಲಿಯೂ ಕಾರಿದ್ದರೆ ವಾರಕ್ಕೊಬ್ಬರಂತೆ ಸರದಿಯಲ್ಲಿ ತೆಗೆಯುವುದು ಇನ್ನೂ ಒಳ್ಳೆಯದು, ಆಗ ಹಣದ ಮಾತೇ ಬರುವುದಿಲ್ಲ. ಇದಲ್ಲದೆ ನಿಮ್ಮ ವಿಮಾ ಪಾಲಿಸಿಯಲ್ಲಿ ಜೊತೆಯ ಪ್ರಯಾಣಿಕರಿಗೆ ರಕ್ಷಣೆ ಇದೆಯೇ ಎಂಬುದನ್ನು ಇಂದೇ ತೆಗೆದು ಓದಿಕೊಳ್ಳಿ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಸ್ವಂತ ಕಾರಿನೊಳಗೆ ಕುಳಿತವರ ಪರಿಹಾರದ ವಿಷಯದಲ್ಲಿ ತಕರಾರು ಬರುವುದುಂಟು.